ಔಷಧಗಳಲ್ಲಿನ ಕಶ್ಮಲಗಳ ಪತ್ತೆ: ವರ್ಣಲೇಖನ ವಿಧಾನದ ರೂಪಣೆ ಮತ್ತು ಸಿಂಧುತ್ವ

ರಕ್ತದೊತ್ತಡಕ್ಕೆ ನೀಡುವ ವಾಲ್ಸಾರ್ಟಾನ್ ಔಷಧದ ಹಲವು ಬ್ಯಾಚ್‌ಗಳನ್ನು 2018ರ ಜುಲೈ ತಿಂಗಳಲ್ಲಿ ಯೂರೋಪ್ ಮತ್ತು ಅಮೆರಿಕದ ಮಾರುಕಟ್ಟೆಗಳಿಂದ ಹಿಂದಕ್ಕೆ ಪಡೆಯಲಾಯಿತು. ಕ್ಯಾನ್ಸರ್‌ಕಾರಕವಾಗಿರುವ ಸಂಭವವುಳ್ಳ ಎನ್‌ಡಿಎಂಎ ಎಂಬ ಕಶ್ಮಲವು ಅವುಗಳಲ್ಲಿ ಕಂಡುಬಂದಿತ್ತು. ಗುಣಮಟ್ಟದ ಪರೀಕ್ಷೆಗಳಲ್ಲಿ ತೇರ್ಗಡೆಯಾಗಿಯೇ ಆ ಮಾತ್ರೆಗಳು ರೋಗಿಗಳ ಕೈ ಸೇರಿದ್ದವು. ಹಾಗಾದರೆ ಪರೀಕ್ಷೆಯು ಎಡವಿದ್ದೆಲ್ಲಿ?

ದ್ರವ ವರ್ಣಲೇಖನದಲ್ಲಿ ಔಷಧದ ದ್ರಾವಣವನ್ನು ಸೂಕ್ಷ್ಮ ಸಿಲಿಕಾ ಕಣಗಳನ್ನು ತುಂಬಿದ ಸ್ತಂಭದ ಮೂಲಕ ಅಧಿಕ ಒತ್ತಡದಲ್ಲಿ ಹಾಯಿಸಲಾಗುತ್ತದೆ. ಕಣಗಳಿಗೆ ಹೆಚ್ಚು ಅಂಟುವ ಅಣುಗಳು ತಡವಾಗಿ ಹೊರಬರುತ್ತವೆ. ಅತಿನೇರಳೆ ಶೋಧಕವು ಒಂದೊಂದನ್ನೂ ಶೃಂಗವಾಗಿ ದಾಖಲಿಸುತ್ತದೆ. ಔಷಧದ ಬೃಹತ್ ಶೃಂಗದ ಮರೆಯಲ್ಲಿ ಯಾವ ಕಶ್ಮಲವೂ ಅಡಗದಂತೆ ದ್ರಾವಕ, ಆಮ್ಲೀಯತೆ, ಉಷ್ಣತೆಗಳನ್ನು ಹೊಂದಿಸುವುದೇ ವಿಧಾನದ ರೂಪಣೆ. ಇದಕ್ಕಾಗಿ ಔಷಧವನ್ನು ಆಮ್ಲ, ಪ್ರತ್ಯಾಮ್ಲ, ಹೈಡ್ರೋಜನ್ ಪೆರಾಕ್ಸೈಡ್, ಶಾಖ, ಬೆಳಕುಗಳಿಗೆ ಒಡ್ಡಿ ಬುದ್ಧಿಪೂರ್ವಕವಾಗಿಯೇ ಕೆಡಿಸಿ ನೋಡುತ್ತಾರೆ. ಅನಂತರ ನಿಖರತೆ, ರೇಖೀಯತೆ ಮೊದಲಾದ ಸಿಂಧುತ್ವ ಪರೀಕ್ಷೆಗಳು. ಶೃಂಗವು ಆಧಾರರೇಖೆಯ ಏರಿಳಿತದ 3 ಪಟ್ಟಿದ್ದರೆ ಕಶ್ಮಲವಿದೆಯೆನ್ನಬಹುದು. ಪ್ರಮಾಣವನ್ನು ಹೇಳಲು 10 ಪಟ್ಟು ಬೇಕು.

ದಿನದ ಸೇವನೆ 2 ಗ್ರಾಂ ಮೀರದ ಔಷಧಗಳಲ್ಲಿ ಸಾಮಾನ್ಯ ಕಶ್ಮಲವು ಶೇಕಡಾ 0.05ನ್ನು, ಅಂದರೆ ಹತ್ತು ಲಕ್ಷದಲ್ಲಿ 500 ಭಾಗಗಳನ್ನು, ಮೀರಿದಾಗ ಮಾತ್ರ ವರದಿಯಾಗಬೇಕೆಂಬುದು ಅಂತಾರಾಷ್ಟ್ರೀಯ ಮಾರ್ಗಸೂಚಿ. ಎನ್‌ಡಿಎಂಎಗೆ ಅಮೆರಿಕದ ನಿಯಂತ್ರಕರು ಗೊತ್ತುಪಡಿಸಿದ ಮಿತಿಯಾದರೋ ದಿನಕ್ಕೆ 96 ನ್ಯಾನೋಗ್ರಾಂ. 320 ಮಿಲಿಗ್ರಾಂ ವಾಲ್ಸಾರ್ಟಾನ್‌ನಲ್ಲಿ ಇದು ಹತ್ತು ಲಕ್ಷದಲ್ಲಿ 0.3 ಭಾಗ ಮಾತ್ರ. ವಾಡಿಕೆಯ ವಿಧಾನಕ್ಕೆ ಈ ಪ್ರಶ್ನೆಯನ್ನು ಯಾರೂ ಕೇಳಿರಲೇ ಇಲ್ಲ. ಡೈಮೀಥೈಲ್ ಫಾರ್ಮಮೈಡ್ ದ್ರಾವಕವೂ ಸೋಡಿಯಂ ನೈಟ್ರೈಟೂ ಬಳಕೆಯಾಗುವ ತಯಾರಿಕೆಯಲ್ಲಿ ಎನ್‌ಡಿಎಂಎ ಹುಟ್ಟಬಹುದೆಂಬ ಶಂಕೆಯು ಉಪಕರಣಕ್ಕೆ ಬರುವಂಥದಲ್ಲ, ರಸಾಯನಜ್ಞನಿಗೆ ಬರಬೇಕಾದದ್ದು.

ಅನಿಲ ವರ್ಣಲೇಖನಕ್ಕೆ ದ್ರವ್ಯರಾಶಿ ರೋಹಿತಮಾಪಕವನ್ನು ಜೋಡಿಸಿ ಈ ಕೊರತೆಯನ್ನು ತುಂಬಲಾಯಿತು. ಆದರೆ 2019ರಲ್ಲಿ ಆಮ್ಲಪಿತ್ತದ ಔಷಧವಾದ ರಾನಿಟಿಡಿನ್‌ಗೆ ಈ ಬಗೆಯ ವಿಧಾನವನ್ನೇ ಅನ್ವಯಿಸಿದಾಗ ವಿಚಿತ್ರ ಫಲಿತಾಂಶ ಬಂದಿತು. 130 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ರಾನಿಟಿಡಿನ್ ಅಣುವೇ ಒಡೆದು ಎನ್‌ಡಿಎಂಎ ಉಂಟಾಗುತ್ತಿತ್ತು. ಹುಡುಕಹೊರಟ ಕಶ್ಮಲವನ್ನು ಪರೀಕ್ಷೆಯೇ ತಯಾರಿಸುತ್ತಿತ್ತು! ಆದುದರಿಂದ ಹೆಚ್ಚಿನ ಶಾಖ ಬೇಡದ ದ್ರವ ವರ್ಣಲೇಖನವನ್ನು ರೋಹಿತಮಾಪಕದೊಡನೆ ಬಳಸುವಂತೆ ನಿಯಂತ್ರಕರು ಸೂಚಿಸಿದರು. ಹೊಸ ವಿಧಾನದಲ್ಲಿ ಎನ್‌ಡಿಎಂಎ ಪ್ರಮಾಣ ಬಹಳಷ್ಟು ತಗ್ಗಿತಾದರೂ ಶೂನ್ಯವಾಗಲಿಲ್ಲ. ದಾಸ್ತಾನಿನಲ್ಲಿರುವಾಗ, ಅದರಲ್ಲೂ ಉಷ್ಣತೆ ಏರಿದಾಗ, ಅದು ಹೆಚ್ಚುತ್ತದೆಂಬುದು ತಿಳಿದುಬಂದ ಮೇಲೆ, 2020ರ ಏಪ್ರಿಲ್‌ನಲ್ಲಿ ರಾನಿಟಿಡಿನ್ ಔಷಧಗಳನ್ನೆಲ್ಲ ಮಾರುಕಟ್ಟೆಯಿಂದ ಹಿಂಪಡೆಯುವಂತೆ ಅಮೆರಿಕದ ನಿಯಂತ್ರಕರು ತಯಾರಕರನ್ನು ಕೋರಿದರು.