ಹಕ್ಕಿ ಕಾಣದು, ಹಿಕ್ಕೆ ಕಾಣುತ್ತದೆ

ಎಂಪರರ್ ಪೆಂಗ್ವಿನ್ ತನ್ನ ಕುಲದಲ್ಲೆಲ್ಲ ದೊಡ್ಡದು. ಹಾಗಿದ್ದೂ ಅದರ ಎತ್ತರ ಐದಾರು ವರ್ಷದ ಮಗುವಿನಷ್ಟು. ಭೂಮಿಯಿಂದ 705 ಕಿಲೋಮೀಟರ್ ಮೇಲೆ ಸುತ್ತುವ ಲ್ಯಾಂಡ್‌ಸ್ಯಾಟ್ ಉಪಗ್ರಹದ ಬಣ್ಣದ ಚಿತ್ರದಲ್ಲಿ ಒಂದು ಚುಕ್ಕಿ, ಎಂದರೆ ಒಂದು ಪಿಕ್ಸೆಲ್, ನೆಲದ ಮೇಲಿನ 30 ಮೀಟರ್ ಉದ್ದಗಲದ ಚೌಕಕ್ಕೆ ಸಮ. ಅಂಥ ಚೌಕದೊಳಗೆ ನಿಂತ ಹಕ್ಕಿ ಕಾಣುವ ಮಾತೇ ಇಲ್ಲ. ಆದರೂ ಅಂಟಾರ್ಕ್ಟಿಕದಲ್ಲಿ ಈ ಪೆಂಗ್ವಿನ್‌ಗಳು ಎಲ್ಲೆಲ್ಲಿ ಮರಿಮಾಡುತ್ತವೆ ಎಂಬ ಇವತ್ತಿನ ತಿಳಿವಳಿಕೆಯಲ್ಲಿ ದೊಡ್ಡ ಪಾಲು ಉಪಗ್ರಹದಿಂದಲೇ ಬಂದದ್ದು. ಉಪಗ್ರಹಕ್ಕೆ ಕಂಡದ್ದು ಹಕ್ಕಿಯಲ್ಲ, ಅದರ ಹಿಕ್ಕೆ.

ಇದು ಬೆಳಕಿಗೆ ಬಂದದ್ದು ಪೆಂಗ್ವಿನ್ ಹುಡುಕಲು ಹೊರಟವರಿಂದಲ್ಲ. ಬ್ರಿಟಿಷ್ ಅಂಟಾರ್ಕ್ಟಿಕ್ ಸರ್ವೆಯಲ್ಲಿ ನಕ್ಷೆ ತಯಾರಿಸುವ ಕೆಲಸದಲ್ಲಿದ್ದ ಪೀಟರ್ ಫ್ರೆಟ್‌ವೆಲ್, ಹ್ಯಾಲಿ ಎಂಬ ಸಂಶೋಧನಾ ಕೇಂದ್ರದ ಸುತ್ತಲಿನ ಉಪಗ್ರಹ ಚಿತ್ರ ನೋಡುತ್ತಿದ್ದಾಗ ಬಿಳಿ ಮಂಜುಗಡ್ಡೆಯ ಮೇಲೆ ಕೆಂಪುಮಿಶ್ರಿತ ಕಂದು ಕಲೆಯೊಂದು ಕಣ್ಣಿಗೆ ಬಿತ್ತು. ಆ ಜಾಗದಲ್ಲಿ ಎಂಪರರ್‌ಗಳ ದೊಡ್ಡ ನೆಲೆಯಿದೆಯೆಂದು ಮೊದಲೇ ಗೊತ್ತಿತ್ತು. ಒಂದು ಕಡೆ ಕಲೆ ಕಂಡರೆ ಉಳಿದ ಕಡೆಯೂ ಕಾಣಬೇಕಲ್ಲ! ಆಗಷ್ಟೇ, 2007ರಲ್ಲಿ, ಸಾವಿರಕ್ಕೂ ಹೆಚ್ಚು ಲ್ಯಾಂಡ್‌ಸ್ಯಾಟ್ ಚಿತ್ರಗಳನ್ನು ಹೊಲಿದಂತೆ ಜೋಡಿಸಿದ ಅಂಟಾರ್ಕ್ಟಿಕದ ಒಂದೇ ದೊಡ್ಡ ಪಟ ಎಲ್ಲರಿಗೂ ಪುಕ್ಕಟೆಯಾಗಿ ಸಿಕ್ಕಿತ್ತು. ಜೀವವಿಜ್ಞಾನಿ ಫಿಲ್ ಟ್ರೇಥನ್ ಅವರ ಜೊತೆಗೂಡಿ ಫ್ರೆಟ್‌ವೆಲ್ ಇಡೀ ಖಂಡದ ಕರಾವಳಿಯನ್ನು ಆ ಪಟದ ಮೇಲೆಯೇ ಸುತ್ತಿದರು. 2009ರಲ್ಲಿ ಪ್ರಕಟವಾದ ಅವರ ಲೇಖನದಲ್ಲಿ ಒಟ್ಟು 38 ಕಲೆಗಳಿದ್ದವು. ಅವುಗಳಲ್ಲಿ 10 ಹಿಂದೆ ಯಾರ ಪಟ್ಟಿಯಲ್ಲೂ ಇರದ ನೆಲೆಗಳು. ಹಳೆಯ ಪಟ್ಟಿಯಲ್ಲಿದ್ದ 6 ನೆಲೆಗಳ ಗುರುತೇ ಸಿಗಲಿಲ್ಲ.

ಕಲೆ ಇಷ್ಟು ಢಾಳಾಗಿ ಕಾಣುವುದಕ್ಕೆ ಕಾರಣ ಈ ಹಕ್ಕಿಯ ಬಾಳಿನ ರೀತಿ. ಅಂಟಾರ್ಕ್ಟಿಕದ ಉಳಿದ ಪೆಂಗ್ವಿನ್‌ಗಳು ಬೇಸಿಗೆಯಲ್ಲಿ ಗಟ್ಟಿ ನೆಲದ ಮೇಲೆ ಮರಿಮಾಡಿದರೆ ಎಂಪರರ್ ಚಳಿಗಾಲದ ನಟ್ಟನಡುವೆ, ದಡಕ್ಕೆ ಕಚ್ಚಿಕೊಂಡು ಹೆಪ್ಪುಗಟ್ಟಿದ ಕಡಲಿನ ಮೇಲೆ ಮರಿಮಾಡುತ್ತದೆ. ಮೇ–ಜೂನ್‌ನಲ್ಲಿ ಹೆಣ್ಣು ಒಂದೇ ಒಂದು ಮೊಟ್ಟೆಯಿಟ್ಟು ಆಹಾರಕ್ಕಾಗಿ ಕಡಲಿಗೆ ಹೋಗುತ್ತದೆ. ಗಂಡು ಆ ಮೊಟ್ಟೆಯನ್ನು ಪಾದಗಳ ಮೇಲೇರಿಸಿಕೊಂಡು, ಹೊಟ್ಟೆಯ ಚರ್ಮದ ಮಡಿಕೆ ಹೊದಿಸಿ, ಎರಡು ತಿಂಗಳಿಗೂ ಮಿಕ್ಕಿ ಉಪವಾಸ ನಿಲ್ಲುತ್ತದೆ. ಮರಿ ಬಲಿತು ನೀರಿಗಿಳಿಯುವುದು ಡಿಸೆಂಬರ್ ಹೊತ್ತಿಗೆ. ಗೂಡಿಲ್ಲದ ಈ ಹಿಂಡು ಗಾಳಿಗೆ ತಕ್ಕಂತೆ ಸರಿಯುತ್ತದೆ, ಕೊಳೆಯಾದ ಜಾಗ ಬಿಟ್ಟು ಬಿಳಿ ಹಿಮದತ್ತ ನಡೆಯುತ್ತದೆ. ಹಿಕ್ಕೆ ಮಾತ್ರ ಬಿದ್ದಲ್ಲೇ ಉಳಿಯುತ್ತದೆ. ಹಾಗಾಗಿ ಕಲೆಯ ಹರವು ಹಿಂಡಿನ ಹರವಿಗಿಂತ ಎಷ್ಟೋ ದೊಡ್ಡದು. ಹೆಪ್ಪುಗಟ್ಟಿದ ಕಡಲಿನ ಮೇಲೆ ಮಣ್ಣಿಲ್ಲ, ಗಿಡವಿಲ್ಲ. ಅಲ್ಲಿ ಕಂದು ಬಣ್ಣ ಬಂದಿದೆಯೆಂದರೆ ಪೆಂಗ್ವಿನ್ ಬಂದಿದೆ ಎಂದೇ ಹೆಚ್ಚುಕಡಿಮೆ ಅರ್ಥ.

ಈ ನೆಲೆಗಳನ್ನು ಕಾಲ್ನಡಿಗೆಯಲ್ಲಿ ಕಾಣುವುದು ಎಂಥ ಸಾಹಸ ಎಂಬುದಕ್ಕೆ ಒಂದೇ ಉದಾಹರಣೆ ಸಾಕು. 1911ರ ಚಳಿಗಾಲದಲ್ಲಿ ಕ್ಯಾಪ್ಟನ್ ಸ್ಕಾಟ್ ತಂಡದ ಎಡ್ವರ್ಡ್ ವಿಲ್ಸನ್, ಹೆನ್ರಿ ಬವರ್ಸ್ ಮತ್ತು ಆಪ್ಸ್‌ಲಿ ಚೆರಿ-ಗ್ಯಾರಾರ್ಡ್ ಎಂಪರರ್ ಮೊಟ್ಟೆಗಾಗಿ ಕೇಪ್ ಕ್ರೋಜಿಯರ್‌ಗೆ ಜಾರುಬಂಡಿ ಎಳೆದುಕೊಂಡು ಹೋದರು. ಹಗಲಿಲ್ಲದ ಕತ್ತಲು, ಒಮ್ಮೊಮ್ಮೆ ಸೊನ್ನೆಗಿಂತ 60 ಡಿಗ್ರಿ ಕೆಳಗಿಳಿಯುವ ಚಳಿ. ಐದು ವಾರಗಳ ಪಾಡಿಗೆ ದಕ್ಕಿದ್ದು ಮೂರು ಮೊಟ್ಟೆ. ಆ ಕತ್ತಲು ಮಾತ್ರ ಇಂದಿಗೂ ಗೆಲ್ಲುತ್ತದೆ: ಸೂರ್ಯನ ಬೆಳಕಿನಲ್ಲಿ ಚಿತ್ರ ತೆಗೆಯುವ ಉಪಗ್ರಹ ಧ್ರುವದ ಇರುಳಿನಲ್ಲಿ ಕುರುಡು. ಬಿಸಿಲು ಮರಳುವ ತನಕ, ಆಗಸ್ಟ್–ಸೆಪ್ಟೆಂಬರ್‌ವರೆಗೆ, ಕಾಯಲೇಬೇಕು.

ಕಲೆಯನ್ನು ಕಣ್ಣಿನಿಂದಷ್ಟೇ ಹುಡುಕಬೇಕಿಲ್ಲ. ಹಿಮ ನೀಲಿ ಬೆಳಕನ್ನೂ ಕೆಂಪು ಬೆಳಕನ್ನೂ ಸುಮಾರು ಒಂದೇ ಪ್ರಮಾಣದಲ್ಲಿ ಹಿಂದಕ್ಕೆ ಚೆಲ್ಲುತ್ತದೆ. ಅದಕ್ಕೇ ಅದು ಬಿಳುಪು. ಹಿಕ್ಕೆ ನೀಲಿಯನ್ನು ಹೆಚ್ಚು ಹೀರಿಕೊಂಡು ಕೆಂಪನ್ನು ಹೆಚ್ಚು ಮರಳಿಸುತ್ತದೆ. ಉಪಗ್ರಹ ಒಂದೊಂದು ಬಣ್ಣವನ್ನೂ ಬೇರೆಬೇರೆಯಾಗಿ ಅಳೆದಿರುವುದರಿಂದ, ಪ್ರತಿ ಚುಕ್ಕಿಯಲ್ಲೂ ಕೆಂಪಿನ ಅಳತೆಯಿಂದ ನೀಲಿಯ ಅಳತೆಯನ್ನು ಕಳೆದರೆ ಹಿಮವೆಲ್ಲ ಅಳಿಸಿಹೋಗಿ ಕಲೆ ಎದ್ದು ನಿಲ್ಲುತ್ತದೆ. ಅಂಗಡಿಯ ಲೆಕ್ಕದಷ್ಟು ಸರಳವಾದ ಕಳೆಯುವ ಲೆಕ್ಕ ಇದು.

ಕಲೆ ಇದೆ ಎಂದರೆ ನೆಲೆ ಇದೆ ಎಂದಾಯಿತು. ಎಷ್ಟು ಹಕ್ಕಿಗಳಿವೆ ಎಂದು ಅದರಿಂದ ಗೊತ್ತಾಗದು. ಅದಕ್ಕೆ ಕ್ವಿಕ್‌ಬರ್ಡ್, ಇಕೋನಸ್, ವರ್ಲ್ಡ್‌ವ್ಯೂ-2ರಂಥ ಖಾಸಗಿ ಉಪಗ್ರಹಗಳ ಚಿತ್ರ ಬೇಕಾಯಿತು. ಅವುಗಳಲ್ಲಿ ಒಂದು ಚುಕ್ಕಿ ಅರ್ಧ ಮೀಟರಿನಿಂದ ಒಂದು ಮೀಟರಿನಷ್ಟು. ಅಲ್ಲಿಯೂ ಒಂಟಿ ಹಕ್ಕಿ ಬಿಡಿಯಾಗಿ ಸಿಗುವುದು ಕಡಿಮೆ. ಗುಂಪು ಕಪ್ಪಗೆ ಒತ್ತಾಗಿ ಕಾಣುತ್ತದೆ. ಆದ್ದರಿಂದ ಚಿತ್ರವನ್ನು ಹಕ್ಕಿ, ಹಿಕ್ಕೆ, ಹಿಮ, ನೆರಳು ಎಂದು ವಿಂಗಡಿಸಿ, ಹಕ್ಕಿ ನಿಂತ ಜಾಗದ ವಿಸ್ತೀರ್ಣ ಅಳೆದು, ನೆಲದ ಮೇಲೆ ಮತ್ತು ವಿಮಾನದಿಂದ ಮಾಡಿದ ಎಣಿಕೆಯೊಂದಿಗೆ ತಾಳೆ ನೋಡಲಾಯಿತು. ಜೋಡಿಯಲ್ಲಿ ಒಂದು ಕಡಲಲ್ಲಿದ್ದಾಗ ಇನ್ನೊಂದು ನೆಲೆಯಲ್ಲಿರುತ್ತದೆ ಎಂಬುದೂ ಲೆಕ್ಕಕ್ಕೆ ಬಂತು. 2012ರಲ್ಲಿ ಹೊರಬಂದ ಮೊತ್ತ: 46 ನೆಲೆಗಳು, ಸುಮಾರು 2,38,000 ಜೋಡಿಗಳು, ಒಟ್ಟು 5,95,000ದಷ್ಟು ಹಕ್ಕಿಗಳು. ಅದುವರೆಗಿನ ಅಂದಾಜು 2.7ರಿಂದ 3.5 ಲಕ್ಷದ ನಡುವೆ ಇತ್ತು. ಹಕ್ಕಿಗಳು ಹೆಚ್ಚಿದ್ದಲ್ಲ, ಲೆಕ್ಕ ಸರಿಹೋದದ್ದು. ಒಂದು ವನ್ಯಜೀವಿಯ ಇಡೀ ಸಂತತಿಯನ್ನು ಬಾಹ್ಯಾಕಾಶದಿಂದ ಎಣಿಸಿದ ಮೊದಲ ಪ್ರಸಂಗ ಇದು. ಮುಂದೆ 10 ಮೀಟರ್ ಚುಕ್ಕಿಯ ಯುರೋಪಿನ ಸೆಂಟಿನೆಲ್-2 ಬಂದಮೇಲೆ, 2020ರಲ್ಲಿ, ಇನ್ನೂ 11 ನೆಲೆಗಳು ಪಟ್ಟಿಗೆ ಸೇರಿದವು. ಅವುಗಳಲ್ಲಿ 8 ಪೂರ್ತಿ ಹೊಸವು.

ಅಡೇಲಿ ಪೆಂಗ್ವಿನ್‌ನ ಕತೆ ಇಷ್ಟು ಸಲೀಸಲ್ಲ, ಯಾಕೆಂದರೆ ಅಲ್ಲಿ ಭೂವಿಜ್ಞಾನ ಅಡ್ಡ ಬರುತ್ತದೆ. ಅಡೇಲಿ ಮರಿಮಾಡುವುದು ಬಂಡೆಯ ಮೇಲೆ. ಅಂಟಾರ್ಕ್ಟಿಕದಲ್ಲಿ ಹಿಮವಿಲ್ಲದ ನೆಲ ನೂರಕ್ಕೆ ಅರ್ಧ ಪಾಲೂ ಇಲ್ಲ. ಅದರಲ್ಲೂ ಕಡಲಿಗೆ ಹತ್ತಿರವಿರಬೇಕು, ಗಾಳಿ ಬೀಸಿ ಹಿಮ ಹಾರಿಹೋಗುವಂತಿರಬೇಕು, ಕರಗಿದ ನೀರು ನಿಲ್ಲದಂತೆ ತುಸು ಏರಾಗಿರಬೇಕು, ಗೂಡು ಕಟ್ಟಲು ಸಣ್ಣ ಹರಳುಗಲ್ಲು ಕೈಗೆಟುಕಬೇಕು, ಅಲ್ಲ, ಕೊಕ್ಕಿಗೆಟುಕಬೇಕು. ಇಂಥ ಜಾಗಗಳನ್ನು ಒದಗಿಸಿಕೊಟ್ಟದ್ದು ಹಿಮನದಿಗಳೇ. ಹಿಮಯುಗದ ಭಾರ ಇಳಿದಮೇಲೆ ನೆಲ ನಿಧಾನವಾಗಿ ಮೇಲೆದ್ದಿತು. ಒಂದು ಕಾಲದ ಕಡಲತಡಿ ಈಗ ನೀರಿನಿಂದ ಎಷ್ಟೋ ಮೀಟರ್ ಮೇಲೆ ಹರಳುಗಲ್ಲಿನ ಮೆಟ್ಟಿಲಾಗಿ ಉಳಿದಿದೆ. ಹಿಮನದಿ ತಂದು ಸುರಿದ ಕಲ್ಲುದಿಬ್ಬಗಳೂ ಅಡೇಲಿಗೆ ಒಗ್ಗುತ್ತವೆ. ಗೂಡಿಗೆ ಕಲ್ಲು ಎಷ್ಟು ಅಮೂಲ್ಯವೆಂದರೆ ಪಕ್ಕದ ಗೂಡಿನಿಂದ ಕದಿಯುವುದು ಈ ಹಕ್ಕಿಗಳಲ್ಲಿ ದಿನನಿತ್ಯದ ವ್ಯವಹಾರ.

ತೊಡಕು ಇರುವುದು ಬಣ್ಣದಲ್ಲಿ. ಕಬ್ಬಿಣದ ಅಂಶವಿರುವ ಬಂಡೆ ತುಕ್ಕು ಹಿಡಿದಾಗ ಕೆಂಪಾಗುತ್ತದೆ. ಬೇಸಿಗೆಯಲ್ಲಿ ಹಿಮದ ಮೇಲೆ ಬೆಳೆಯುವ ಪಾಚಿಯೂ ಕೆಂಪಿರಬಹುದು. ಬಂಡೆಯ ಮೇಲಿನ ಕಲ್ಲುಹೂವಿನದು ಇನ್ನೊಂದು ಬಣ್ಣ. ಕಣ್ಣಿಗೆ ಇವೆಲ್ಲ ಹಿಕ್ಕೆಯಂತೆಯೇ ತೋರಬಲ್ಲವು. ಲ್ಯಾಂಡ್‌ಸ್ಯಾಟ್ 7 ಈ 30 ಮೀಟರ್ ಚುಕ್ಕಿಯಲ್ಲಿ ಆರು ಬಗೆಯ ಬೆಳಕನ್ನು ಅಳೆಯುತ್ತಿತ್ತು. ಮೂರು ಕಣ್ಣಿಗೆ ಕಾಣುವ ಬಣ್ಣಗಳು; ಇನ್ನು ಮೂರು, ಕೆಂಪಿನಾಚೆಯ ಕಾಣದ ಅವಕೆಂಪು ಕಿರಣಗಳು. ಕಾಣುವ ಬೆಳಕಿನಲ್ಲಿ ಅವಳಿಗಳಂತಿರುವ ತುಕ್ಕುಬಂಡೆ ಮತ್ತು ಹಿಕ್ಕೆ, ಆರನ್ನೂ ಒಟ್ಟಿಗೆ ನೋಡಿದಾಗ ಬೇರೆಯಾಗುತ್ತವೆ. ಖನಿಜ ಹುಡುಕುವ ಭೂವಿಜ್ಞಾನಿಗಳು ಬಂಡೆಗಳನ್ನು ಗುರುತಿಸಲು ಬಳಸುವ ಉಪಾಯವೇ ಇದು. ಇಲ್ಲಿ ಹಿಕ್ಕೆಯೇ ಒಂದು ಖನಿಜ ಎಂದುಕೊಂಡರಾಯಿತು. ನಾಸಾದ ಮ್ಯಾಥ್ಯೂ ಶ್ವಾಲರ್ 1980ರ ದಶಕದಲ್ಲೇ ರಾಸ್ ದ್ವೀಪದ ಅಡೇಲಿ ನೆಲೆಗಳ ಮೇಲೆ ಇದನ್ನು ಪ್ರಯೋಗಿಸಿದ್ದರು. ಮೂರು ದಶಕದ ಬಳಿಕ ಪರಿಸರ ವಿಜ್ಞಾನಿ ಹೆದರ್ ಲಿಂಚ್ ಜೊತೆ ಸೇರಿ ಅವರು ಅದನ್ನು ಕಂಪ್ಯೂಟರ್ ತಾನಾಗಿಯೇ ಮಾಡುವಂತೆ ಹೊಂದಿಸಿದರು. 2014ರಲ್ಲಿ ಲಿಂಚ್ ಮತ್ತು ಮಿಶೆಲ್ ಲಾರೂ ಪ್ರಕಟಿಸಿದ ಅಡೇಲಿ ಗಣತಿಯಲ್ಲಿ 251 ನೆಲೆಗಳೂ ಸುಮಾರು 37.9 ಲಕ್ಷ ಜೋಡಿಗಳೂ ಇದ್ದವು.

ಹಿಕ್ಕೆಯ ಬಣ್ಣ ಊಟದ ಸುಳಿವನ್ನೂ ಕೊಡುತ್ತದೆ. ಸಿಗಡಿಯನ್ನು ಹೋಲುವ ಕ್ರಿಲ್ ತಿಂದ ಅಡೇಲಿಯ ಹಿಕ್ಕೆ ನಸುಗೆಂಪು. ಕ್ರಿಲ್‌ನೊಳಗಿನ ಆಸ್ಟಜಾಂಥಿನ್ ಎಂಬ ವರ್ಣದ್ರವ್ಯದ ಕೆಲಸ ಅದು. ಮೀನು ಹೆಚ್ಚು ತಿಂದಾಗ ಹಿಕ್ಕೆ ಬೆಳ್ಳಗಾಗುತ್ತದೆ. ಹೀಗಾಗಿ ಯಾವ ಕರಾವಳಿಯ ಹಕ್ಕಿ ಏನು ತಿನ್ನುತ್ತಿದೆ ಎಂಬುದನ್ನೂ ಉಪಗ್ರಹ ಚಿತ್ರದಿಂದ ಸ್ಥೂಲವಾಗಿ ಊಹಿಸಬಹುದು.

ಕಂಪ್ಯೂಟರಿನ ಹುಡುಕಾಟದಲ್ಲಿ ಸಿಕ್ಕ ದೊಡ್ಡ ನಿಧಿ ಡೇಂಜರ್ ದ್ವೀಪಗಳು. ಅಂಟಾರ್ಕ್ಟಿಕ್ ಪರ್ಯಾಯದ್ವೀಪದ ಈಶಾನ್ಯ ತುದಿಯಲ್ಲಿರುವ ಈ ಒಂಬತ್ತು ಕಲ್ಲುನಡುಗಡ್ಡೆಗಳಿಗೆ 1842ರಲ್ಲಿ ಅನ್ವೇಷಕ ಜೇಮ್ಸ್ ಕ್ಲಾರ್ಕ್ ರಾಸ್ ಆ ಹೆಸರಿಟ್ಟದ್ದು, ಮಂಜುಗಡ್ಡೆಗಳ ನಡುವೆ ಅಡಗಿ ಹಡಗಿಗೆ ತೀರಾ ಹತ್ತಿರ ಬರುವವರೆಗೂ ಕಾಣಿಸದೆ ಇದ್ದುದಕ್ಕೆ. ಬೇಸಿಗೆಯಲ್ಲೂ ಸುತ್ತ ಮಂಜುಗಡ್ಡೆ ಕಿಕ್ಕಿರಿಯುವುದರಿಂದ ಅತ್ತ ಹೋಗುವವರೇ ವಿರಳ. ಲ್ಯಾಂಡ್‌ಸ್ಯಾಟ್ ಚಿತ್ರದಲ್ಲಿ ಆ ಕಲ್ಲುಗಳ ಮೇಲೆ ಹಿಕ್ಕೆ ಹಾಸಿಕೊಂಡಂತೆ ಕಂಡಾಗ ಮೊದಲು ಅನುಮಾನವೇ ಬಂದದ್ದು. 2015ರ ಡಿಸೆಂಬರಿನಲ್ಲಿ ಅಲ್ಲಿಗೆ ತಲುಪಿದ ತಂಡ ಕಾಲ್ನಡಿಗೆಯಲ್ಲೂ ಡ್ರೋನ್ ಹಾರಿಸಿಯೂ ಗೂಡುಗಳನ್ನು ಎಣಿಸಿತು. 2018ರಲ್ಲಿ ಪ್ರಕಟವಾದ ಮೊತ್ತ 7,51,527 ಜೋಡಿ, ಪರ್ಯಾಯದ್ವೀಪದ ಉಳಿದೆಲ್ಲ ಅಡೇಲಿ ನೆಲೆಗಳನ್ನು ಕೂಡಿಸಿದರೂ ಅದಕ್ಕಿಂತ ಹೆಚ್ಚು. ಪರ್ಯಾಯದ್ವೀಪದ ಪಶ್ಚಿಮ ದಡದಲ್ಲಿ ಅಡೇಲಿಗಳು ದಶಕಗಳಿಂದ ಇಳಿಮುಖವಾಗಿದ್ದಾಗ, ಪೂರ್ವದಂಚಿನಲ್ಲಿ ಹದಿನೈದು ಲಕ್ಷ ಹಕ್ಕಿಗಳು ಯಾರ ಲೆಕ್ಕಕ್ಕೂ ಸಿಗದೆ ಇದ್ದವು.

ಎಂಪರರ್‌ಗಳ ವಿಷಯದಲ್ಲಿ ಇತ್ತೀಚೆಗೆ ಕಲೆಯಷ್ಟೇ ಮುಖ್ಯವಾದದ್ದು ಕಲೆ ಮಾಯವಾಗುವುದು. ಅವುಗಳ ನೆಲವೇ ನೀರು. ಮರಿಯ ಮೈಮೇಲಿನ ತುಪ್ಪುಳ ಉದುರಿ ನೀರು ತಡೆಯುವ ಗರಿ ಬರುವ ಮೊದಲೇ ಮಂಜುಗಡ್ಡೆ ಒಡೆದರೆ ಮರಿಗಳು ಮುಳುಗುತ್ತವೆ, ಇಲ್ಲವೇ ನೆನೆದು ಚಳಿಗೆ ಸಾಯುತ್ತವೆ. ಎಲ್ಲಿಂದ ಈ ವಿದ್ಯೆ ಶುರುವಾಯಿತೋ ಆ ಹ್ಯಾಲಿ ಕೊಲ್ಲಿಯ ನೆಲೆ, ಆಗ ಜಗತ್ತಿನಲ್ಲೇ ಎರಡನೆಯ ಅತಿ ದೊಡ್ಡದು, 2016ರಿಂದ ಮೂರು ವರ್ಷ ಸತತವಾಗಿ ಹೆಚ್ಚುಕಡಿಮೆ ಒಂದು ಮರಿಯನ್ನೂ ದಾಟಿಸಲಿಲ್ಲ. ಅದೇ ಹೊತ್ತಿಗೆ ದಕ್ಷಿಣಕ್ಕಿದ್ದ ಡಾಸನ್-ಲ್ಯಾಂಬ್ಟನ್ ನೆಲೆಯ ಕಲೆ ಹಿಗ್ಗಿ, ಹಕ್ಕಿಗಳು ಹತ್ತು ಪಟ್ಟಿಗೂ ಮಿಕ್ಕಿ ಬೆಳೆದವು. ದೊಡ್ಡ ಹಕ್ಕಿಗಳಲ್ಲಿ ಒಂದಷ್ಟು ಗುಳೆ ಹೋಗಿದ್ದವು ಎಂಬುದು ಇದರಿಂದಲೇ ತಿಳಿದದ್ದು. 2022ರ ಕೊನೆಯಲ್ಲಿ ಬೆಲಿಂಗ್ಸ್‌ಹೌಸನ್ ಸಮುದ್ರದಲ್ಲಿ ಮಂಜುಗಡ್ಡೆ ಅವಧಿಗೆ ಮುಂಚೆಯೇ ಕರಗಿ, ಅಲ್ಲಿನ ಐದು ನೆಲೆಗಳಲ್ಲಿ ನಾಲ್ಕರಲ್ಲಿ ಮರಿಗಳು ಉಳಿದಿರಲಾರವು ಎಂದು ಸೆಂಟಿನೆಲ್-2 ಚಿತ್ರಗಳು ತೋರಿಸಿದವು. ನೆಲೆಯ ಕಲೆ ಇದ್ದ ಜಾಗದಲ್ಲಿ ನವೆಂಬರಿನಲ್ಲೇ ಬರೀ ಕಪ್ಪು ನೀರು.

ಬಂಡೆ ನೆಲದಲ್ಲಾದರೆ ಹಿಕ್ಕೆ ಹೀಗೆ ಕೊಚ್ಚಿಹೋಗುವುದಿಲ್ಲ. ಅದು ಮಣ್ಣಾಗುತ್ತದೆ, ಕೆರೆಯ ತಳದ ಹೂಳಿಗೆ ಸೇರುತ್ತದೆ, ಸಾವಿರಾರು ವರ್ಷ ಕಾಪಿಟ್ಟಂತೆ ಉಳಿಯುತ್ತದೆ. ಆರ್ಡ್ಲಿ ದ್ವೀಪದಲ್ಲಿ ಈಗ ಸುಮಾರು 5,000 ಜೋಡಿ ಜೆಂಟೂ ಪೆಂಗ್ವಿನ್‌ಗಳಿವೆ. ಅಲ್ಲಿನ ಕೆರೆಯೊಂದರ ಹೂಳನ್ನು ಕೊಳವೆಯಲ್ಲಿ ಕೊರೆದು ತೆಗೆದು, ಪದರ ಪದರವಾಗಿ ಅದರ ರಾಸಾಯನಿಕ ಗುಣವನ್ನು ಪರೀಕ್ಷಿಸಿದಾಗ ಹಿಕ್ಕೆಯಿಂದ ಬಂದ ಅಂಶ ಯಾವಾಗ ಎಷ್ಟಿತ್ತು ಎಂಬುದರ 8,500 ವರ್ಷಗಳ ದಾಖಲೆ ಸಿಕ್ಕಿತು. ಹಿಕ್ಕೆ ದಟ್ಟವಾಗಿದ್ದ ಐದು ಕಾಲಘಟ್ಟಗಳಲ್ಲಿ ಮೂರು, ಜ್ವಾಲಾಮುಖಿಯ ಬೂದಿಯ ಪದರ ಬಿದ್ದಲ್ಲಿಗೆ ನಿಂತುಹೋಗಿದ್ದವು. ಬೂದಿ ಬಂದದ್ದು ನೂರು ಕಿಲೋಮೀಟರಿಗೂ ಹೆಚ್ಚು ದೂರದ ಡಿಸೆಪ್ಷನ್ ದ್ವೀಪದಿಂದ. ಪೆಂಗ್ವಿನ್‌ಗಳು ಮತ್ತೆ ಬಂದು ನೆಲೆಯೂರಲು ಪ್ರತಿ ಸಲವೂ 400ರಿಂದ 800 ವರ್ಷ ಹಿಡಿದಿತ್ತು ಎಂದು 2017ರ ಆ ಅಧ್ಯಯನ ಅಂದಾಜಿಸಿದೆ.

ರಾಸ್ ಸಮುದ್ರದ ದಡದ ಕೇಪ್ ಇರಿಜಾರ್‌ನಲ್ಲಿ 2016ರಲ್ಲಿ ಇನ್ನೂ ವಿಚಿತ್ರವಾದುದು ಸಿಕ್ಕಿತು. ಅಲ್ಲಿ ಅಡೇಲಿಗಳಿದ್ದ ಸುದ್ದಿ ಇಪ್ಪತ್ತನೆಯ ಶತಮಾನದ ಮೊದಲ ಅನ್ವೇಷಕರ ಕಾಲದಿಂದಲೂ ಇಲ್ಲ. ಆದರೆ ಅಮೆರಿಕದ ಜೀವವಿಜ್ಞಾನಿ ಸ್ಟೀವನ್ ಎಮ್‌ಸ್ಲಿ ಹೋಗಿ ನೋಡಿದಾಗ ನೆಲದ ತುಂಬ ಹರಳುಗಲ್ಲು, ಮೂಳೆ, ಹಿಕ್ಕೆಯ ಕಲೆ. ಗರಿ ಸಹಿತ ಇತ್ತೀಚೆಗೆ ಸತ್ತಂತೆ ಕಾಣುವ ಮರಿಗಳ ಒಣಗಿದ ದೇಹಗಳು. ರೇಡಿಯೊ ಕಾರ್ಬನ್ ಪರೀಕ್ಷೆಯಲ್ಲಿ ಅವುಗಳ ವಯಸ್ಸು ನೂರಾರು, ಕೆಲವದು ಸಾವಿರಾರು ವರ್ಷ ಎಂದು ಗೊತ್ತಾಯಿತು. ಸುಮಾರು 5,000 ವರ್ಷದ ಹಿಂದಿನಿಂದ 800 ವರ್ಷದ ಹಿಂದಿನವರೆಗೆ ಮೂರು ಸಲ ಹಕ್ಕಿಗಳು ಬಂದು ನೆಲೆಸಿ ಬಿಟ್ಟುಹೋಗಿದ್ದವು. ಕೊನೆಯ ಹಿಂಡು ಹೋದಮೇಲೆ ಚಳಿ ಹೆಚ್ಚಿ, ಹಿಮ ಮುಚ್ಚಿ, ಎಲ್ಲವನ್ನೂ ಶೀತಪೆಟ್ಟಿಗೆಯಲ್ಲಿಟ್ಟಂತೆ ಕಾಪಾಡಿತ್ತು. ಆ ಭೂಶಿರದ ಹಿಮ ಕೆಲವು ವರ್ಷಗಳಿಂದ ಹಿಂದೆ ಸರಿಯುತ್ತಿರುವುದು ಉಪಗ್ರಹ ಚಿತ್ರಗಳಲ್ಲಿ ಕಾಣುತ್ತದೆ. ಒಂದೇ ಗಾತ್ರದ ಹರಳುಗಲ್ಲುಗಳನ್ನು ಹೀಗೆ ಗುಡ್ಡೆ ಹಾಕುವುದು ಗಾಳಿಯ ಕೆಲಸವಲ್ಲ, ನೀರಿನ ಕೆಲಸವಲ್ಲ. ತಲೆಮಾರುಗಟ್ಟಲೆ ಹಕ್ಕಿಗಳು ಕೊಕ್ಕಿನಲ್ಲಿ ಆರಿಸಿ ತಂದಿಟ್ಟವು ಅವು. ಸದ್ಯ ಅಲ್ಲಿ ಒಂದು ಗೂಡೂ ಇಲ್ಲ. ಗೂಡಿಗೆ ಬೇಕಾದ ಕಲ್ಲು ಮಾತ್ರ ನೆಲದ ಮೇಲೆ ಸಿದ್ಧವಾಗಿ ಬಿದ್ದಿದೆ.