ಹಿತ್ತಲ ಬೆಂಕಿಗೂ ಒಂದು ವೇಳಾಪಟ್ಟಿ

ಬೆಂಕಿ ಹೊತ್ತಿಕೊಂಡು ಹತ್ತು ನಿಮಿಷ ಆಗಿರುವುದಿಲ್ಲ, ಯಾರೋ ಒಬ್ಬರು ಜೋಳದ ತೆನೆ ತಂದು ಉರಿಯೊಳಗೆ ತುರುಕಿರುತ್ತಾರೆ. ಹೊರಗೆ ಕರಿ, ಒಳಗೆ ಹಸಿ. ಅದನ್ನು ಕಚ್ಚಿ ನೋಡಿದವರು ಗ್ಯಾಸ್ ಒಲೆಯೇ ವಾಸಿ ಎಂದುಕೊಂಡು ಒಳಗೆ ಎದ್ದುಹೋಗುತ್ತಾರೆ. ಸುಡುವುದಕ್ಕೆ ಹದವಾದ ಕೆಂಡ ತಯಾರಾಗುವುದು ಅವರು ಹೋದ ಮೇಲೆ.

ಬೇಸಿಗೆ ರಜೆಗೆ ನೆಂಟರು, ಮಕ್ಕಳು ಊರಮನೆ ತುಂಬಿರುವಾಗ ಸಂಜೆ ಹಿತ್ತಲಲ್ಲೊಂದು ಬೆಂಕಿ ಹಾಕಿ ಕೂರುವುದು ಕಷ್ಟದ ಕೆಲಸವಲ್ಲ. ಚಿಕ್ಕಮಗಳೂರು, ಸಕಲೇಶಪುರ, ಕೊಡಗಿನ ಹೋಮ್‌ಸ್ಟೇಗಳಲ್ಲಿ ‘ಫೈರ್ ಕ್ಯಾಂಪ್’ ಎಂದು ದುಡ್ಡು ಕೊಟ್ಟು ಪಡೆಯುವುದೂ ಇದನ್ನೇ, ಜೊತೆಗೊಂದು ಸ್ಪೀಕರ್ ಇರುತ್ತದೆ ಅಷ್ಟೆ. ತಿಳಿದುಕೊಳ್ಳಬೇಕಾದದ್ದು ಒಂದೇ: ಬೆಂಕಿ ಮೊದಲು ಉರಿ, ಆಮೇಲೆ ಕೆಂಡ, ಕೊನೆಗೆ ಬೂದಿ. ಉರಿ ಇರುವಾಗ ಆಟ, ಕೆಂಡವಾದಾಗ ತಿಂಡಿ, ಬೂದಿ ಮುಚ್ಚಿದ ಮೇಲೆ ಆಕಾಶ. ಈ ಕ್ರಮ ತಪ್ಪಿಸಿದರೆ ಮೂರೂ ಕೆಡುತ್ತವೆ.

ಕಟ್ಟಿಗೆ ನೇರವಾಗಿ ಉರಿಯುವುದಿಲ್ಲ. ಸುಮಾರು 250ರಿಂದ 300 ಡಿಗ್ರಿ ಸೆಲ್ಸಿಯಸ್ ಕಾವು ತಗುಲಿದಾಗ ಮರದ ಪದಾರ್ಥ ಒಡೆದು ಅನಿಲವಾಗಿ ಹೊರಬರುತ್ತದೆ. ಉರಿ ಎಂದು ನಾವು ನೋಡುವುದು ಆ ಅನಿಲ ಹೊತ್ತಿಕೊಂಡಿದ್ದನ್ನು. ಹೊತ್ತಿಕೊಳ್ಳದೆ ತಪ್ಪಿಸಿಕೊಂಡದ್ದು ಹೊಗೆ. ಮಕ್ಕಳಿಗೆ ಇದನ್ನು ತೋರಿಸಲು ಒಂದು ಮೇಣದಬತ್ತಿ ಸಾಕು. ಬತ್ತಿ ಊದಿ ಆರಿಸಿ, ಮೇಲೇಳುವ ಬಿಳಿ ಹೊಗೆಗೆ ತಕ್ಷಣ ಕಡ್ಡಿ ಗೀರಿ ಹಿಡಿದರೆ ಉರಿ ಹೊಗೆಯ ದಾರಿಯಲ್ಲೇ ಇಳಿದು ಬತ್ತಿಯನ್ನು ಮತ್ತೆ ಹೊತ್ತಿಸುತ್ತದೆ. ಅನಿಲವೆಲ್ಲ ಮುಗಿದ ಮೇಲೆ ಉಳಿಯುವ ಇದ್ದಿಲು ಉರಿಯಿಲ್ಲದೆ, ಹೆಚ್ಚುಕಡಿಮೆ ಹೊಗೆಯೂ ಇಲ್ಲದೆ, ನಿಗಿನಿಗಿ ಹೊಳೆಯುತ್ತದೆ. ಅದೇ ಕೆಂಡ. ಉರಿ ಹಾರಾಡುತ್ತದೆ, ಮಸಿ ಹಿಡಿಸುತ್ತದೆ, ಗಾಳಿ ಬಂದ ಕಡೆ ವಾಲುತ್ತದೆ. ಕೆಂಡದ ಕಾವು ಒಂದೇ ಸಮನಾಗಿ ಮೇಲಕ್ಕೆ ಬರುತ್ತದೆ. ತೆನೆ ಕರಿಯಾಗುವುದಕ್ಕೂ ಹದವಾಗಿ ಬೇಯುವುದಕ್ಕೂ ಇರುವ ವ್ಯತ್ಯಾಸ ಇಷ್ಟೇ.

ಹಸಿ ಕಟ್ಟಿಗೆಯಲ್ಲಿ ತೂಕದ ಅರ್ಧದಷ್ಟು ನೀರೇ ಇರಬಹುದು. ಆ ನೀರನ್ನು ಆವಿ ಮಾಡುವುದರಲ್ಲೇ ಬೆಂಕಿಯ ಶಕ್ತಿ ಖರ್ಚಾಗಿ, ಅನಿಲ ಹೊತ್ತಿಕೊಳ್ಳುವಷ್ಟು ಕಾವು ಏರುವುದಿಲ್ಲ, ಕಣ್ಣು ಉರಿಸುವ ಹೊಗೆ ಏಳುತ್ತದೆ. ಆದ್ದರಿಂದ ಹೋದ ವರ್ಷ ಕಡಿದು ಒಟ್ಟಿದ ಕಟ್ಟಿಗೆ ಬೇಕು. ಜಾಲಿ, ಹುಣಸೆ, ಗಾಳಿಮರ ಒಳ್ಳೆಯ ಕೆಂಡ ಕೊಡುತ್ತವೆ. ಹೊತ್ತಿಸಲು ಒಣ ತೆಂಗಿನ ಗರಿ, ಅಡಿಕೆ ಸಿಪ್ಪೆ; ಕೆಂಡ ಹೆಚ್ಚು ಹೊತ್ತು ನಿಲ್ಲಲು ನಾಲ್ಕು ಕರಟ. ಪ್ಲೈವುಡ್, ಬಣ್ಣ ಬಳಿದ ಹಳೆ ಕಿಟಕಿ, ಪ್ಲಾಸ್ಟಿಕ್ ಹತ್ತಿರ ತರಬೇಡಿ. ಹಿತ್ತಲ ಬೇಲಿಯ ಕಣಗಿಲೆ ಅಡಿಯಿಂದ ಮುಡಿವರೆಗೆ ವಿಷದ ಗಿಡ. ಅದನ್ನು ಉರಿಸಲೂಬಾರದು, ಅದರ ಕಡ್ಡಿಗೆ ತಿಂಡಿ ಚುಚ್ಚಿ ಸುಡಲೂಬಾರದು.

ಇನ್ನು ಗುಂಡಿ. ಮೂರಡಿ ಅಗಲ, ಒಂದಡಿ ಆಳ, ಸುತ್ತ ಒಂದು ಸಾಲು ಕಲ್ಲು. ಕೆಂಪುಕಲ್ಲಾದರೆ ಚೆನ್ನಾಗಿ ಒಣಗಿದ್ದು ಹಾಕಿ. ಹೊಳೆಯಿಂದ ಆರಿಸಿ ತಂದ ನುಣುಪು ಕಲ್ಲು ನೋಡಲು ಚಂದ, ಆದರೆ ಒಳಗೆ ಸಿಕ್ಕಿಕೊಂಡ ನೀರು ಆವಿಯಾಗಿ ಕಲ್ಲೇ ಸಿಡಿದು ಚೂರು ಹಾರಬಹುದು. ಗುಂಡಿಯ ಗಾಳಿ ಬರುವ ದಿಕ್ಕಿಗೆ ಒಂದು ಗೇಣು ಅಗಲದ ಕಾಲುವೆಯನ್ನು ತಳದವರೆಗೆ ಇಳಿಜಾರಾಗಿ ತೋಡಿ. ಮೇಲಿನ ಉರಿ ಬಿಸಿಗಾಳಿಯನ್ನು ಮೇಲಕ್ಕೆ ಎಳೆದಂತೆ ಈ ಕಾಲುವೆಯಿಂದ ಹೊಸ ಗಾಳಿ ಬುಡಕ್ಕೇ ನುಗ್ಗುತ್ತದೆ, ಹೊಗೆ ಎದ್ದು ಕಾಣುವಷ್ಟು ಕಡಿಮೆಯಾಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’ ಕೇಂದ್ರದವರು ರೂಪಿಸಿದ ಅಸ್ತ್ರ ಒಲೆಯಲ್ಲೂ ಕಟ್ಟಿಗೆ ಜಾಲರಿಯ ಮೇಲಿರುತ್ತದೆ, ಗಾಳಿ ಕೆಳಗಿನಿಂದ ಬರುತ್ತದೆ. ‘ಹೊಗೆ ನನ್ನ ಕಡೆಗೇ ಯಾಕೆ ಬರುತ್ತೆ’ ಎಂದು ಗೊಣಗುವವರು ಒಬ್ಬರಾದರೂ ಇರುತ್ತಾರಲ್ಲ, ಅವರ ದೂರಿನಲ್ಲಿ ನಿಜವಿದೆ. ತೀರಾ ಹತ್ತಿರ ಕೂತವರ ಮೈ ಆ ಬದಿಯ ಗಾಳಿಯನ್ನು ತಡೆಯುತ್ತದೆ. ಬೇರೆ ಕಡೆಗಳಿಂದ ಬಂದ ಗಾಳಿ ಹೊಗೆಯನ್ನು ಆ ಖಾಲಿ ಬದಿಗೆ ತಳ್ಳುತ್ತದೆ. ಎರಡು ಹೆಜ್ಜೆ ಹಿಂದೆ ಸರಿದರೆ ಅರ್ಧ ಪರಿಹಾರ.

ಜಾಗ ಆರಿಸುವಾಗ ಮನೆಯಿಂದ, ಹುಲ್ಲಿನ ಬಣವೆಯಿಂದ, ಕೊಟ್ಟಿಗೆಯಿಂದ 25 ಅಡಿಯಾದರೂ ದೂರ ಇರಲಿ, ತಲೆಯ ಮೇಲೆ ತೆಂಗಿನ ಗರಿ ಇರದಿರಲಿ. ಸುತ್ತ ಹತ್ತಡಿ ತರಗೆಲೆ ಗುಡಿಸಿ. ಕರಾವಳಿಯಲ್ಲಿ ಸಂಜೆಯ ಗಾಳಿ ಸಾಮಾನ್ಯವಾಗಿ ಕಡಲಿನಿಂದ, ಪಡುವಣದಿಂದ ಬೀಸುತ್ತದೆ. ಬೆಂಕಿ ಮನೆಯ ಮೂಡಣಕ್ಕಿದ್ದರೆ ಹೊಗೆ ಜಗಲಿಗೆ ನುಗ್ಗುವುದಿಲ್ಲ. ಕರಾವಳಿಯ ಸೆಕೆಗೆ ದೊಡ್ಡ ಉರಿಯೂ ಬೇಡ, ಬುಟ್ಟಿಯಷ್ಟು ಕೆಂಡ ಸಾಕು. ಏಪ್ರಿಲ್-ಮೇನಲ್ಲಿ ಸಂಜೆ ಮೋಡ ಕಟ್ಟಿ ಗುಡುಗಿದರೆ ಅಂದು ಬೆಂಕಿಯ ಆಸೆ ಬಿಡಿ, ಮಳೆಗಿಂತ ಮೊದಲು ಬರುವ ಆ ಬಿರುಗಾಳಿ ಕಿಡಿಯನ್ನು ಎಲ್ಲಿಗೆ ಒಯ್ಯುತ್ತದೆಂದು ಹೇಳಲಾಗದು. ಕಾಡಿನಂಚಿನ ಮನೆಯವರಿಗೆ ಬೇಸಿಗೆಯಿಡೀ ಇದು ಬೇಡವೇ ಬೇಡ. 2019ರ ಫೆಬ್ರವರಿಯಲ್ಲಿ ಬಂಡೀಪುರ ಹೊತ್ತಿ ಉರಿದದ್ದು ಎಲ್ಲರಿಗೂ ನೆನಪಿದೆ. ಕಾಯ್ದಿಟ್ಟ ಅರಣ್ಯದಲ್ಲಿ ಬೆಂಕಿ ಹಾಕುವುದು ಕಾನೂನಿನ ಪ್ರಕಾರವೂ ಅಪರಾಧ. ಊರಲ್ಲಿ ಹಿತ್ತಲಿಲ್ಲದವರು ಕಾಲುಗಳಿರುವ ಕಬ್ಬಿಣದ ಬಾಣಲೆ ತಂದುಕೊಳ್ಳಬಹುದು; ತಾರಸಿಯ ಕಾಂಕ್ರೀಟಿನ ಮೇಲೆ ನೇರವಾಗಿ ಮಾತ್ರ ಹಾಕಬೇಡಿ, ಕಾವಿಗೆ ಅದು ಪದರು ಎದ್ದು ಸಿಡಿಯುತ್ತದೆ.

ಹೊತ್ತಿಸುವುದು ಸೂರ್ಯ ಮುಳುಗುವ ಹೊತ್ತಿಗೆ, ಅಂದರೆ ಆರೂವರೆ-ಆರೂಮುಕ್ಕಾಲಕ್ಕೆ. ಒಂದು ಬಕೆಟ್ ನೀರು, ಒಂದು ಬುಟ್ಟಿ ಮರಳು ಪಕ್ಕದಲ್ಲಿಟ್ಟುಕೊಂಡು. ಸೆರಗು, ದುಪಟ್ಟಾ ಬಿಗಿಯಾಗಿ ಸಿಕ್ಕಿಸಿಕೊಳ್ಳಬೇಕು, ಮಕ್ಕಳಿಗೆ ಹತ್ತಿಯ ಬಟ್ಟೆ ಹಾಕಬೇಕು. ನೈಲಾನ್ ಕರಗಿ ಚರ್ಮಕ್ಕೆ ಅಂಟುತ್ತದೆ.

ಉರಿ ಇರುವ ಮುಕ್ಕಾಲು ಗಂಟೆ

ಈ ಹೊತ್ತಿನಲ್ಲಿ ಬೆಂಕಿ ಬೆಳಕು ಕೊಡುತ್ತದೆ, ಆ ಬೆಳಕನ್ನೇ ಆಟಕ್ಕೆ ಬಳಸಬೇಕು. ಅಜ್ಜನ ಹಳೆಯ ಬಿಳಿ ಪಂಚೆಯೊಂದನ್ನು ಬೆಂಕಿಯಿಂದ ಹತ್ತಡಿ ದೂರದಲ್ಲಿ, ಗಾಳಿ ಬರುವ ಬದಿಗೆ, ಹಗ್ಗಕ್ಕೆ ಹಾಕಿ ಕೆಳಗೆ ಎರಡು ಕಲ್ಲು ಕಟ್ಟಿ. ಆಡುವವರು ಬೆಂಕಿಗೂ ಪಂಚೆಗೂ ನಡುವೆ, ನೋಡುವವರು ಪಂಚೆಯ ಆಚೆ. ನಮ್ಮ ತೊಗಲುಗೊಂಬೆಯಾಟಕ್ಕೆ ಎಣ್ಣೆ ದೀಪದ ಬೆಳಕು ಹೇಗೋ ಇಲ್ಲಿ ಬೆಂಕಿಯ ಬೆಳಕು ಹಾಗೆ, ಆದರೆ ಒಂದು ತೊಡಕಿದೆ. ದೀಪದ ಕುಡಿ ಚಿಕ್ಕದು, ನೆರಳು ಚೂಪಾಗಿ ಬೀಳುತ್ತದೆ. ಬೆಂಕಿಯ ಉರಿ ಎರಡಡಿ ಅಗಲ, ಒಂದೊಂದು ನಾಲಿಗೆಯೂ ಒಂದೊಂದು ನೆರಳು ಬಿಡುವುದರಿಂದ ಅಂಚು ಕಲಸಿಹೋಗುತ್ತದೆ. ಬಟ್ಟೆಗೆ ಒಂದಡಿ ಹತ್ತಿರ ನಿಂತರೆ ಮೂಗು, ಬೆರಳು ಸ್ಪಷ್ಟ. ಬೆಂಕಿಯ ಕಡೆ ಸರಿದಂತೆ ಆಳು ದೈತ್ಯನಾಗಿ ಬೆಳೆದು ಮಸುಕಾಗುತ್ತಾನೆ. ರಾಕ್ಷಸನ ಪ್ರವೇಶಕ್ಕೆ ಇದಕ್ಕಿಂತ ಅಗ್ಗದ ತಂತ್ರವಿಲ್ಲ. ರಟ್ಟು ಕತ್ತರಿಸಿ ಕಿರೀಟ, ಬಾಲ ಮಾಡಿಕೊಟ್ಟರೆ ಮಕ್ಕಳೇ ಇಡೀ ಲಂಕಾದಹನ ನಡೆಸುತ್ತಾರೆ.

ಮನೆಯಲ್ಲಿ ತೊಗಲಿನ ತಮಟೆಯೋ ಹಲಗೆಯೋ ಇದ್ದರೆ ಇನ್ನೊಂದು ಕೆಲಸ ಮಾಡಿ. ಮೊದಲು ಹಾಗೇ ಬಾರಿಸಿ. ಆಮೇಲೆ ತೊಗಲನ್ನು ಉರಿಗೆ ಎದುರಾಗಿ, ಕೈಗೆ ಬಿಸಿ ತಡೆಯುವಷ್ಟು ದೂರದಲ್ಲಿ ತಿರುಗಿಸುತ್ತ ಕಾಯಿಸಿ ಮತ್ತೆ ಬಾರಿಸಿ. ಹೀರಿಕೊಂಡಿದ್ದ ತೇವ ಹೋಗಿ ಚರ್ಮ ಬಿಗಿಯುತ್ತದೆ, ಡಬಡಬ ಎನ್ನುತ್ತಿದ್ದದ್ದು ಖಣಿಲ್ ಎನ್ನುತ್ತದೆ. ಜಾತ್ರೆಯಲ್ಲಿ ತಮಟೆಯವರು ಮೂಲೆಯಲ್ಲಿ ಹುಲ್ಲು ಉರಿಸುತ್ತಿರುವುದು ಇದಕ್ಕಾಗಿಯೇ. ಮಳೆ ಬಂದ ಮರುದಿನ ಮಾಡಿದರೆ ವ್ಯತ್ಯಾಸ ಇನ್ನೂ ಜೋರು.

ಅಂತ್ಯಾಕ್ಷರಿ, ಒಗಟು ಎಲ್ಲರಿಗೂ ಗೊತ್ತಿರುವುದೇ. ನನಗೆ ಇಷ್ಟವಾದದ್ದು ಕಡ್ಡಿ ಕಥೆ. ಒಬ್ಬರು ಒಣ ತೆಂಗಿನ ಗರಿಯ ಕಡ್ಡಿಯೊಂದನ್ನು ಹೊತ್ತಿಸಿ ಮರಳಿಗೆ ಚುಚ್ಚಬೇಕು. ಅದು ಆರುವವರೆಗೆ ಅವರು ಕಥೆ ಕಟ್ಟಬೇಕು, ಆರಿದ ಕೂಡಲೇ ವಾಕ್ಯದ ನಡುವೆಯೇ ನಿಲ್ಲಿಸಿ ಪಕ್ಕದವರಿಗೆ ದಾಟಿಸಬೇಕು. ದೊಡ್ಡಪ್ಪ ದೆವ್ವ ತಂದರೆ, ಅತ್ತೆ ಅದನ್ನು ಪೇಟೆಗೆ ಕಳಿಸುತ್ತಾರೆ, ಆರು ವರ್ಷದ ಹುಡುಗಿ ಅದಕ್ಕೆ ಮದುವೆ ಮಾಡಿಸುತ್ತಾಳೆ. ಸೊಳ್ಳೆ ಕಾಟ ಕಂಡರೆ ಒಂದು ಹಿಡಿ ಲಕ್ಕಿ ಅಥವಾ ಬೇವಿನ ಸೊಪ್ಪು ಉರಿಯ ಅಂಚಿಗೆ ಇಡಿ. ಕೊಟ್ಟಿಗೆಗೆ ಹೊಗೆ ಹಾಕುತ್ತಿದ್ದ ರೀತಿಯೇ ಇದು, ಸ್ವಲ್ಪ ಹೊತ್ತಿಗೆ ಸಾಕಾಗುತ್ತದೆ.

ಕೆಂಡ

ಉರಿ ಇಳಿದು, ಕೆಂಡದ ಮೇಲೆ ತೆಳುವಾಗಿ ಬಿಳಿ ಬೂದಿ ಕಾಣಿಸಿದಾಗ ಅಡುಗೆ ಶುರು. ಅಂಗೈಯನ್ನು ಒಂದು ಗೇಣು ಮೇಲೆ ಹಿಡಿದು ಎಣಿಸಿ. ಎರಡಕ್ಕೇ ಕೈ ತೆಗೆಯುವಂತಾದರೆ ಇನ್ನೂ ಕಾಯಬೇಕು, ಐದರವರೆಗೆ ತಡೆಯಬಹುದಾದರೆ ಹದ ಬಂದಿದೆ. ಉದ್ದನೆಯ ಕೋಲಿನಿಂದ ಕೆಂಡವನ್ನು ಒಂದು ಬದಿಗೆ ಗುಡ್ಡೆ ಮಾಡಿ, ಇನ್ನೊಂದು ಬದಿಗೆ ಬಿಸಿ ಬೂದಿ ಎಳೆದುಕೊಳ್ಳಿ. ಬೇಗ ಆಗುವುದಕ್ಕೆ ಕೆಂಡ, ನಿಧಾನ ಆಗಬೇಕಾದದ್ದಕ್ಕೆ ಬೂದಿ.

ಮೊದಲ ಸರದಿ ಹಲಸಿನ ಹಪ್ಪಳದ್ದು. ಮಲೆನಾಡಿನ ಅಂಗಳದಲ್ಲಿ ಅದೇ ವಾರ ಒಣಗಿಸಿದ ಹಪ್ಪಳವಾದರೆ ಮಾತೇ ಬೇಡ. ಇಕ್ಕಳದಲ್ಲಿ ಅಂಚು ಹಿಡಿದು ಕೆಂಡದಿಂದ ನಾಲ್ಕು ಬೆರಳು ಮೇಲೆ ಇಡಿ, ಎಣಿಸುವಷ್ಟರಲ್ಲಿ ತಿರುವಿ, ಮತ್ತೆ ತಿರುವಿ. ಮೊದಲು ಅಂಚು ನಡುಗುತ್ತದೆ, ಆಮೇಲೆ ಮೈಮೇಲೆ ಸಣ್ಣ ಗುಳ್ಳೆಗಳೆದ್ದು ಬಣ್ಣ ತಿಳಿಯಾಗುತ್ತದೆ. ಹಿಡಿದ ಜಾಗ ಹಸಿಯಾಗಿ ಉಳಿಯುವುದರಿಂದ ಹಿಡಿ ಬದಲಿಸಬೇಕು. ಅರ್ಧ ನಿಮಿಷಕ್ಕಿಂತ ಹೆಚ್ಚು ಬೇಡ, ಒಂದು ಕ್ಷಣ ಮೈಮರೆತರೆ ಕರಿ ಚುಕ್ಕೆ. ಜೊತೆಗೆ ತೆಂಗಿನಕಾಯಿ ಚೂರು ಕಚ್ಚಿಕೊಳ್ಳಿ. ಹೋಮ್‌ಸ್ಟೇಗಳಲ್ಲಿ ಈಗ ಕೋಲಿಗೆ ಮಾರ್ಷ್‌ಮ್ಯಾಲೋ ಸಿಕ್ಕಿಸಿ ಕೊಡುವ ರೂಢಿ ಬಂದಿದೆ. ಅದರಲ್ಲಿ ಸಾಮಾನ್ಯವಾಗಿ ಪ್ರಾಣಿಮೂಲದ ಜೆಲಟಿನ್ ಇರುತ್ತದೆಂಬುದು ಸಸ್ಯಾಹಾರಿಗಳಿಗೆ ತಿಳಿದಿರಲಿ. ರುಚಿಯಲ್ಲಂತೂ ಹಪ್ಪಳದ ಹತ್ತಿರಕ್ಕೂ ಬರುವುದಿಲ್ಲ.

ಗೆಣಸು ಬೂದಿಯ ಪಾಲು. ಮಧ್ಯಮ ಗಾತ್ರದ್ದನ್ನು ಆರಿಸಿ, ಬಿಸಿ ಬೂದಿಯಲ್ಲಿ ಹೂತು ಮೇಲೆ ನಾಲ್ಕು ಕೆಂಡ ಹರಡಿ ಮುಕ್ಕಾಲು ಗಂಟೆ ಮರೆತುಬಿಡಿ. ಗೆಣಸಿನ ಒಳಗಿರುವ ಕಿಣ್ವವೊಂದು ಪಿಷ್ಟವನ್ನು ಸಕ್ಕರೆಯಾಗಿ ಒಡೆಯುತ್ತದೆ. ಅದು ಚುರುಕಾಗಿ ಕೆಲಸ ಮಾಡುವುದು ಸುಮಾರು 60ರಿಂದ 75 ಡಿಗ್ರಿ ಕಾವಿನಲ್ಲಿ, ಅದಕ್ಕಿಂತ ಬಹಳ ಮೇಲೇರಿದರೆ ಕಿಣ್ವವೇ ಸಾಯುತ್ತದೆ. ನಿಧಾನಕ್ಕೆ ಬಿಸಿಯಾದ ಗೆಣಸು ಆ ಹಂತದಲ್ಲಿ ಹೆಚ್ಚು ಹೊತ್ತು ಇರುವುದರಿಂದ ಕುಕ್ಕರಿನದಕ್ಕಿಂತ ಸಿಹಿ. ಹಲಸಿನ ಬೀಜವನ್ನೂ ಬೂದಿಗೇ ಹಾಕಿ, ಆದರೆ ಒಂದೊಂದಕ್ಕೂ ಚಾಕುವಿನಿಂದ ಗೀರು ಹಾಕಿ. ಇಲ್ಲದಿದ್ದರೆ ಒಳಗಿನ ಆವಿಗೆ ದಾರಿಯಿಲ್ಲದೆ ಪಟಾಕಿಯ ಸದ್ದು ಮಾಡಿ ಬೂದಿಯನ್ನು ಎಲ್ಲರ ಮುಖಕ್ಕೆ ಎರಚುತ್ತದೆ. ಬದನೆಕಾಯಿಗೂ ಇದೇ ಮಾತು: ಎಣ್ಣೆ ಸವರಿ ನಾಲ್ಕು ಕಡೆ ಚುಚ್ಚಿ ಕೆಂಡಕ್ಕಿಡಿ, ಮರುದಿನದ ಗೊಜ್ಜಿಗಾಯಿತು. ಜೋಳದ ತೆನೆಯನ್ನು ಸಿಪ್ಪೆ ಸಮೇತ ಹತ್ತು ನಿಮಿಷ ನೀರಲ್ಲಿ ನೆನೆಸಿ ಕೆಂಡದ ಮೇಲೆ ಕಾಲು ಗಂಟೆ ಹೊರಳಿಸಿ. ಒದ್ದೆ ಸಿಪ್ಪೆಯ ಆವಿಯಲ್ಲೇ ಕಾಳು ಬೇಯುತ್ತದೆ, ಕೊನೆಗೆ ಸಿಪ್ಪೆ ಸುಲಿದು ಎರಡು ನಿಮಿಷ ಸುಟ್ಟರೆ ಸಾಕು.

ಗೇರುಬೀಜದ ಮಾತೇ ಬೇರೆ. ಮಾರ್ಚ್‌ನಿಂದ ಮೇವರೆಗೆ ಕರಾವಳಿಯ ಮಕ್ಕಳ ಜೇಬಿನಲ್ಲಿ ಅದು ಇದ್ದೇ ಇರುತ್ತದೆ, ಸುಡುವ ಹುಮ್ಮಸ್ಸೂ ಇರುತ್ತದೆ. ಅದರ ಸಿಪ್ಪೆಯಲ್ಲಿರುವ ಎಣ್ಣೆ ಚರ್ಮಕ್ಕೆ ತಾಗಿದರೆ ಗುಳ್ಳೆ ಏಳುತ್ತದೆ. ಕಾವಿಗೆ ಅದೇ ಎಣ್ಣೆ ಹೊತ್ತಿಕೊಂಡು ಚಿಮ್ಮುತ್ತದೆ, ಹೊಗೆ ಕಣ್ಣು-ಗಂಟಲು ಸುಡುತ್ತದೆ. ಆದ್ದರಿಂದ ಎಲ್ಲರೂ ಕೂರುವ ಗುಂಡಿಯಲ್ಲಿ, ಉಳಿದ ತಿಂಡಿಯ ಜೊತೆ ಇದನ್ನು ಸುಡಬಾರದು. ಬೆಳಕಿರುವಾಗಲೇ, ಗಾಳಿ ಹೋಗುವ ಬದಿಗೆ ದೂರದಲ್ಲಿ, ತೂತು ಮಾಡಿದ ಹಳೆ ಡಬ್ಬಿಯಲ್ಲಿ ದೊಡ್ಡವರೇ ಸುಡಬೇಕು. ಬೀಜಗಳು ಹೊತ್ತಿಕೊಂಡು ಭುಗ್ ಎಂದಾಗ ಉದ್ದ ಕೋಲಿನಿಂದ ಡಬ್ಬಿಯನ್ನು ಮಗುಚಿ ಬೂದಿಗೆ ಹೊರಳಿಸಿದರೆ ಉರಿ ಆರುತ್ತದೆ, ಬೂದಿ ಎಣ್ಣೆಯನ್ನು ಹೀರುತ್ತದೆ. ಆರಿದ ಮೇಲೆ ಕೈಗೆ ತೆಂಗಿನೆಣ್ಣೆ ಸವರಿಕೊಂಡು ಕಲ್ಲಿನಿಂದ ಜಜ್ಜಿ. ಅಂಗಡಿಯ ಬಿಳಿ ಗೋಡಂಬಿಗೆ ಈ ಕಮಟು ಪರಿಮಳ ಇಲ್ಲವೇ ಇಲ್ಲ. ಪೋರ್ಚುಗೀಸರು ಬ್ರೆಜಿಲ್‌ನಿಂದ ತಂದ ಈ ಮರ ನಮ್ಮ ಗುಡ್ಡಗಳಿಗೆ ಎಷ್ಟು ಒಗ್ಗಿಹೋಯಿತೆಂದರೆ ಅದರ ಸಂಶೋಧನೆಗೆಂದೇ ಪುತ್ತೂರಿನಲ್ಲಿ ಕೇಂದ್ರ ಸರ್ಕಾರದ ಸಂಸ್ಥೆಯಿದೆ.

ಯಾರದಾದರೂ ಕೈ ಸುಟ್ಟರೆ ತಣ್ಣೀರಿನ ನಲ್ಲಿಯ ಕೆಳಗೆ ಇಪ್ಪತ್ತು ನಿಮಿಷ ಹಿಡಿಯಿರಿ. ಶಾಯಿ, ತುಪ್ಪ, ಟೂತ್‌ಪೇಸ್ಟ್ ಯಾವುದೂ ಬೇಡ.

ಒಂಬತ್ತರ ನಂತರ

ಕೆಂಡ ಬೂದಿಯೊಳಗೆ ಮುಳುಗಿದ ಮೇಲೆ ಬೆಂಕಿಗೆ ಬೆನ್ನು ಮಾಡಿ ಚಾಪೆ ಹಾಸಿ. ಕತ್ತಲೆಗೆ ಕಣ್ಣು ಹೊಂದಲು ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕು, ಒಂದು ಸಲ ಮೊಬೈಲ್ ನೋಡಿದರೆ ಎಲ್ಲ ಮೊದಲಿನಿಂದ. ಮೇ ತಿಂಗಳ ನಡುವೆ ಈ ಹೊತ್ತಿಗೆ ಸಪ್ತರ್ಷಿ ಮಂಡಲ ಉತ್ತರದಲ್ಲಿ ಎತ್ತರದಲ್ಲಿರುತ್ತದೆ. ಅದರ ಬಾಲದ ಬಾಗನ್ನೇ ಮುಂದುವರಿಸಿದರೆ ಕಿತ್ತಳೆ ಬಣ್ಣದ ಸ್ವಾತಿ, ಇನ್ನೂ ಮುಂದೆ ಹೋದರೆ ಬಿಳಿಯ ಚಿತ್ತಾ. ಆಗ್ನೇಯದಲ್ಲಿ ವೃಶ್ಚಿಕ ಏರುತ್ತಿರುತ್ತದೆ. ದಕ್ಷಿಣ ದಿಗಂತ ಬಯಲಾಗಿದ್ದರೆ ತ್ರಿಶಂಕುವನ್ನು ತಪ್ಪಿಸಿಕೊಳ್ಳಬೇಡಿ. ದೆಹಲಿಯವರಿಗೆ ದಿಗಂತಕ್ಕೆ ಅಂಟಿಕೊಂಡು ಕಾಣುವ ಈ ನಾಲ್ಕು ನಕ್ಷತ್ರಗಳ ಶಿಲುಬೆ ನಮಗೆ ಕೈಚಾಚಿ ಹಿಡಿದ ಮುಷ್ಟಿಯ ಒಂದೂವರೆ ಪಟ್ಟು ಎತ್ತರದಲ್ಲಿ, ನೆಟ್ಟಗೆ ನಿಂತಿರುತ್ತದೆ.

ಮಲಗುವ ಮುಂಚೆ ಬೆಂಕಿ ಆರಿಸುವವರು ಯಾರೆಂದು ಮೊದಲೇ ನಿರ್ಧರಿಸಿ, ಇಲ್ಲವಾದರೆ ಅವರು ಆರಿಸಿದರೆಂದು ಇವರು, ಇವರು ಆರಿಸಿದರೆಂದು ಅವರು. ಬೂದಿಯಡಿಯ ಕೆಂಡ ಬೆಳಗಿನವರೆಗೂ ಜೀವ ಹಿಡಿದಿರುತ್ತದೆ. ಬೆಂಕಿಪೊಟ್ಟಣ ಉಳಿಸಲು ಹಿಂದಿನವರು ಒಲೆಯಲ್ಲಿ ಕೆಂಡ ಮುಚ್ಚಿಡುತ್ತಿದ್ದದ್ದು ಈ ಗುಣದಿಂದಲೇ. ನೀರನ್ನು ಒಮ್ಮೆಲೇ ಸುರಿದರೆ ಬಿಸಿ ಆವಿ, ಬೂದಿ ಮುಖಕ್ಕೆ ಬರುತ್ತದೆ. ಸ್ವಲ್ಪ ಚಿಮುಕಿಸಿ, ಕೋಲಿನಿಂದ ಕೆದಕಿ, ಮತ್ತೆ ಚಿಮುಕಿಸಿ. ಚುಂಯ್ ಸದ್ದು ನಿಂತ ಮೇಲೆ ಹಿಂಗೈಯನ್ನು ಹತ್ತಿರ ಹಿಡಿದು ನೋಡಿ, ಕಾವು ಇರಬಾರದು. ತೆಂಗಿನ ಬುಡಕ್ಕೆ ಬೇಕೆನ್ನುವವರು ಆರಿಸುವ ಮೊದಲೇ ಸ್ವಲ್ಪ ಒಣ ಬೂದಿಯನ್ನು ಮುಚ್ಚಳವಿರುವ ಕಬ್ಬಿಣದ ಡಬ್ಬಿಗೆ ತುಂಬಿ ಮಣ್ಣಿನ ಮೇಲಿಡಿ, ಎರಡು ದಿನ ಕಳೆದು ಬಳಸಿ. ಅದರಲ್ಲಿ ಪೊಟ್ಯಾಷ್ ಇದೆ, ನಮ್ಮ ಹುಳಿ ಕೆಂಪುಮಣ್ಣಿಗೆ ಅದರ ಕ್ಷಾರ ಗುಣವೂ ಹಿತ. ಹಸಿ ಸಗಣಿ ಗೊಬ್ಬರದ ಜೊತೆ ಮಾತ್ರ ಬೆರೆಸಬೇಡಿ, ಗೊಬ್ಬರದ ಸಾರಜನಕ ಅಮೋನಿಯವಾಗಿ ಹಾರಿಹೋಗುತ್ತದೆ.