ಕೆರೆಯ ಎಲ್ಲೆ, ನಿವೇಶನದ ಎಲ್ಲೆ

ನಮ್ಮ ಶಾಸನಗಳಲ್ಲಿ ಭೂದಾನವನ್ನು ಹೇಳುವಾಗ ಆ ನೆಲದ ಎಲ್ಲೆಗಳನ್ನು ಬಿಡಿಸಿ ಹೇಳುವ ಕ್ರಮವೊಂದಿದೆ. ಮೂಡಲು ಇಂಥ ಕಲ್ಲು, ತೆಂಕಲು ಇಂಥ ಹಳ್ಳ, ಪಡುವಲು ಕೆರೆಯ ಕೋಡಿ, ಬಡಗಲು ಇಂಥ ಮರ ಎಂದು ದಿಕ್ಕುದಿಕ್ಕಿಗೂ ಗುರುತಿಟ್ಟು ಬರೆದಿರುತ್ತಾರೆ. ತರಗತಿಯಲ್ಲಿ ಶಾಸನಪಾಠ ನಡೆಯುವಾಗ ವಿದ್ಯಾರ್ಥಿಗಳು ಬೇಸರದಿಂದ ಹಾರಿಸಿಬಿಡುವ ಭಾಗವಿದು. ನನಗಾದರೋ ಅರಸರ ಬಿರುದಾವಳಿಗಿಂತ ಈ ಎಲ್ಲೆಗಳ ಪಟ್ಟಿಯೇ ಹೆಚ್ಚು ಬೆಲೆಯುಳ್ಳದ್ದಾಗಿ ಕಂಡಿದೆ. ನೀರು ಎಲ್ಲಿ ನಿಲ್ಲುತ್ತದೆ, ಎತ್ತ ಹರಿಯುತ್ತದೆ ಎಂಬುದನ್ನು ಕಣ್ಣಾರೆ ಕಂಡವರು ಮಾತ್ರ ಹಾಗೆ ಬರೆಯಬಲ್ಲರು. ಇಂದು ನಿವೇಶನ ಕೊಳ್ಳುವವರ ಕೈಗೆ ಬರುವ ಕ್ರಯಪತ್ರದಲ್ಲಿಯೂ ಚಕ್ಕುಬಂದಿ ಇದ್ದೇ ಇರುತ್ತದೆ: ಪೂರ್ವಕ್ಕೆ ಒಂದು ನಿವೇಶನದ ಸಂಖ್ಯೆ, ಪಶ್ಚಿಮಕ್ಕೆ ಇನ್ನೊಂದರ ಸಂಖ್ಯೆ, ಉತ್ತರಕ್ಕೆ ಮೂವತ್ತಡಿಯ ರಸ್ತೆ. ನೀರಿನ ಸುಳಿವು ಮಾತ್ರ ಅದರಲ್ಲಿ ಎಲ್ಲಿಯೂ ಇರುವುದಿಲ್ಲ.

ಕೆರೆ, ಕಾಲುವೆ, ತಗ್ಗುನೆಲ ಇವುಗಳ ಮಗ್ಗುಲಲ್ಲಿ ಮನೆ ಕಟ್ಟುವವರನ್ನು ಯಾವ ನಿಯಮಗಳು ಕಟ್ಟಿಹಾಕುತ್ತವೆ, ಆ ನಿಯಮಗಳು ಎಲ್ಲಿ ಸಡಿಲವಾಗಿವೆ ಎಂಬುದು ಇಂದಿನ ವಿಷಯ. ವಕೀಲನೂ ಅಲ್ಲದ, ಇಂಜಿನಿಯರೂ ಅಲ್ಲದ ಕನ್ನಡ ಮೇಷ್ಟರಿಗೆ ಇದರಲ್ಲಿ ಏನು ಕೆಲಸವೆಂದು ಕೇಳುಗರಲ್ಲಿ ಕೆಲವರಿಗೆ ಅನಿಸೀತು. ಈ ವಿವಾದದ ಬಹುಭಾಗ ಶಬ್ದಾರ್ಥದ ವಿವಾದ. ಅಷ್ಟರ ಮಟ್ಟಿಗೆ ಅದು ನಮ್ಮ ಕಸುಬಿಗೂ ಸೇರಿದ್ದು.

ಕೆರೆ ಎಂದರೆ ಯಾವುದು? ಬೇಸಗೆಯಲ್ಲಿ ಏರಿಯ ಮೇಲೆ ನಿಂತು ನೋಡಿದವನಿಗೆ ಕಾಣುವುದು ನಡುವೆ ಒಂದಿಷ್ಟು ಕೆಸರುನೀರು, ಸುತ್ತ ದನ ಮೇಯುವ ಒಣ ಅಂಗಳ. ಆ ಅಂಗಳವೂ ಕೆರೆಯೇ. ಕೋಡಿಯ ಎತ್ತರಕ್ಕೆ ನೀರು ತುಂಬಿದಾಗ ಎಲ್ಲಿಯವರೆಗೆ ಹರಡುವುದೋ ಅಲ್ಲಿಯವರೆಗಿನದೆಲ್ಲ ಕೆರೆ. ಆದುದರಿಂದ ಕೆರೆಯ ಎಲ್ಲೆಯನ್ನು ನಿರ್ಣಯಿಸುವುದು ಕೋಡಿ. ಈ ಸೂಕ್ಷ್ಮವನ್ನು ನಮ್ಮ ರೈತರಂತೆಯೇ ನೆಲದ ವ್ಯಾಪಾರಿಗಳೂ ಬಲ್ಲರು. ಕೋಡಿಯನ್ನು ಎರಡಡಿ ಒಡೆದು ತಗ್ಗಿಸಿದರೆ ಸಾಕು, ಮೇಲ್ದಂಡೆಯಲ್ಲಿ ಎಕರೆಗಟ್ಟಲೆ ನೆಲ ತಾನಾಗಿ ಒಣಗಿ ಮೇಲೇಳುತ್ತದೆ. ಒಂದು ಬುಟ್ಟಿ ಮಣ್ಣು ಸುರಿಯದೆ ಕೆರೆಯನ್ನು ನುಂಗುವ ಉಪಾಯವಿದು. ಕಂದಾಯ ದಾಖಲೆಯಲ್ಲಿ ಕೆರೆ ಮೊದಲಿನಷ್ಟೇ ವಿಸ್ತಾರವಾಗಿರುತ್ತದೆ. ನೋಡುವ ಕಣ್ಣಿಗೆ ಮಾತ್ರ ಕಿರಿದಾಗಿರುತ್ತದೆ.

ಬೆಂಗಳೂರಿನ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಣ್ಣೆಯ ಮೇಲೆ ಕುಳಿತ ಊರು ಅದು. ಹತ್ತಿರದಲ್ಲಿ ದೊಡ್ಡ ನದಿಯಿಲ್ಲ. ಬಿದ್ದ ಮಳೆ ಪಡುವಲಿಗೆ ವೃಷಭಾವತಿಯ ಕಣಿವೆಯಲ್ಲಿ ಇಳಿದು ಅರ್ಕಾವತಿಯ ಮೂಲಕ ಕಾವೇರಿಯನ್ನು ಸೇರುತ್ತದೆ. ಮೂಡಲಿಗೆ ಹೆಬ್ಬಾಳದ ಕಣಿವೆ, ಕೋರಮಂಗಲ-ಚಲ್ಲಘಟ್ಟ ಕಣಿವೆಗಳಲ್ಲಿ ಹರಿದು ದಕ್ಷಿಣ ಪಿನಾಕಿನಿಗೆ ಹೋಗುತ್ತದೆ. ಈ ಇಳಿಜಾರುಗಳಲ್ಲಿ ಹಿರಿಯರು ಮೆಟ್ಟಿಲು ಕಟ್ಟಿದಂತೆ ಕೆರೆಗಳನ್ನು ಕಟ್ಟಿದರು. ಮೇಲಿನ ಕೆರೆಯ ಕೋಡಿ ಹರಿದರೆ ಕೆಳಗಿನ ಕೆರೆಗೆ ನೀರು. ಬೆಳ್ಳಂದೂರು ತುಂಬಿದರೆ ವರ್ತೂರು. ಕೆರೆಯಿಂದ ಕೆರೆಗೆ ಹೋಗುವ ಹಾದಿಯೇ ರಾಜಕಾಲುವೆ. ಹೆಸರಿನಲ್ಲಿರುವ ರಾಜತ್ವ ಇಂದು ಅದಕ್ಕೆ ಉಳಿದಿಲ್ಲ. ಚರಂಡಿಯೆಂದೇ ಎಲ್ಲರೂ ಬಗೆದಿದ್ದಾರೆ. ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕ್ರೀಡಾಂಗಣವಾಯಿತು. ಆ ಕೆರೆಗಳಿಗೆ ಬರುತ್ತಿದ್ದ ನೀರು ಮಾತ್ರ ಬರುವುದನ್ನು ಬಿಡಲಿಲ್ಲ.

ಇನ್ನು ನಿಯಮ. ಕೃಷಿಭೂಮಿಯಲ್ಲಿ ಮನೆ ಕಟ್ಟಬೇಕಾದರೆ 1964ರ ಭೂಕಂದಾಯ ಕಾಯಿದೆಯ 95ನೆಯ ಪ್ರಕರಣದಂತೆ ಜಿಲ್ಲಾಧಿಕಾರಿಗಳಿಂದ ಭೂಪರಿವರ್ತನೆಯಾಗಬೇಕು. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯಂತೆ ಆ ನೆಲ ಊರಿನ ಮಹಾಯೋಜನೆಯಲ್ಲಿ ವಸತಿಗೆಂದು ಗುರುತಾಗಿರಬೇಕು. ಬಡಾವಣೆಯ ನಕ್ಷೆಗೆ ಯೋಜನಾ ಪ್ರಾಧಿಕಾರದ ಒಪ್ಪಿಗೆ, ಮನೆಯ ನಕ್ಷೆಗೆ ಪುರಸಭೆಯ ಅಥವಾ ಪಾಲಿಕೆಯ ಮಂಜೂರಾತಿ. ನೀರಿನ ಪ್ರಶ್ನೆ ಬರುವುದು ಮಹಾಯೋಜನೆಯಲ್ಲಿ. 2007ರಲ್ಲಿ ಒಪ್ಪಿಗೆ ಪಡೆದ ಬೆಂಗಳೂರಿನ ಪರಿಷ್ಕೃತ ಮಹಾಯೋಜನೆ ಕಂದಾಯ ದಾಖಲೆಯ ಕೆರೆಯ ಎಲ್ಲೆಯ ಸುತ್ತ 30 ಮೀಟರ್ ನೆಲದಲ್ಲಿ ಕಟ್ಟಡ ಕೂಡದೆಂದಿತು. ರಾಜಕಾಲುವೆಗಳಲ್ಲಿ ಮೂರು ತರಗತಿ ಮಾಡಿ 50, 25, 15 ಮೀಟರ್ ಬಿಡಬೇಕೆಂದು ವಿಧಿಸಿತು. ಈ ಬಿಟ್ಟ ನೆಲಕ್ಕೇ ಬಫರ್ ವಲಯವೆಂದು ಹೆಸರು. ಕಾಲುವೆಯ ಅಳತೆ ಅದರ ನಡುಗೆರೆಯಿಂದ ಎಂಬುದನ್ನು ಗಮನಿಸಬೇಕು. ಅಗಲವಾದ ಕಾಲುವೆಯಾದರೆ ಈ ಅಳತೆಯ ಒಂದು ಪಾಲು ನೀರಿನಲ್ಲಿಯೇ ಕಳೆದುಹೋಗುತ್ತದೆ.

ಅಗರ ಮತ್ತು ಬೆಳ್ಳಂದೂರು ಕೆರೆಗಳ ನಡುವಿನ ನಿರ್ಮಾಣದ ವ್ಯಾಜ್ಯದಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2016ರ ಮೇ ತಿಂಗಳಲ್ಲಿ ಈ ಅಂತರಗಳನ್ನು ಹಿಗ್ಗಿಸಿತು: ಕೆರೆಗೆ 75 ಮೀಟರ್, ಕಾಲುವೆಗಳಿಗೆ 50, 35, 25 ಮೀಟರ್, ಅದೂ ಅಂಚಿನಿಂದ. 2019ರ ಮಾರ್ಚಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ಭಾಗವನ್ನು ತಳ್ಳಿಹಾಕಿತು. ಕೆರೆಗೆ ಅಷ್ಟು ನೆಲ ಬೇಡವೆಂದು ನ್ಯಾಯಾಲಯ ಹೇಳಿತೆಂದು ಹಲವರು ತಿಳಿದುಕೊಂಡಿದ್ದಾರೆ. ಅದು ಹೇಳಿದ್ದು ಬೇರೆ: ಶಾಸನಬದ್ಧವಾದ ಮಹಾಯೋಜನೆಯನ್ನು ತಿದ್ದುವ ಅಧಿಕಾರ ನ್ಯಾಯಮಂಡಳಿಗಿಲ್ಲ ಎಂದು. ಎಷ್ಟು ಬೇಕೆಂಬ ಪ್ರಶ್ನೆ ಹೀಗೆ ಸರ್ಕಾರದ ಅಂಗಳಕ್ಕೇ ಮರಳಿತು. ಕೆರೆಯ ವಿಸ್ತೀರ್ಣಕ್ಕೆ ತಕ್ಕಂತೆ ಅಂತರವನ್ನು ಇಳಿಸುವ ತಿದ್ದುಪಡಿ ಮಸೂದೆಯೊಂದು 2025ರಲ್ಲಿ ವಿಧಾನಮಂಡಲದ ಮುಂದೆ ಬಂದಿತು. ಚಿಕ್ಕ ಕೆರೆಗೆ ಚಿಕ್ಕ ಬಫರ್ ಎಂಬ ತರ್ಕ ಕೇಳುವುದಕ್ಕೆ ನ್ಯಾಯವಾಗಿಯೇ ಇದೆ. ಆದರೆ ಸರಪಣಿಯಲ್ಲಿ ಚಿಕ್ಕ ಕೊಂಡಿಯೆಂದರೆ ಕಡಮೆ ಭಾರ ಹೊರುವ ಕೊಂಡಿಯಲ್ಲ. ಮೇಲಿನ ಕಟ್ಟೆಕುಂಟೆಗಳು ಹಿಡಿದಿಡದ ನೀರನ್ನೆಲ್ಲ ಕೆಳಗಿನ ಕೆರೆ ಒಂದೇ ರಾತ್ರಿಯಲ್ಲಿ ಹೊರಬೇಕಾಗುತ್ತದೆ.

ಶಬ್ದಾರ್ಥದ ಮಾತು ಹೇಳಿದೆನಲ್ಲ, ಅದಕ್ಕೆ ಬರೋಣ. 1971ರಲ್ಲಿ ಇರಾನಿನ ರಾಮ್‌ಸರ್ ಪಟ್ಟಣದಲ್ಲಿ ಜೌಗುಭೂಮಿಗಳ ರಕ್ಷಣೆಗಾಗಿ ಒಂದು ಅಂತರರಾಷ್ಟ್ರೀಯ ಒಪ್ಪಂದವಾಯಿತು. ಭಾರತ 1982ರಲ್ಲಿ ಅದನ್ನು ಸೇರಿತು. ಇದಕ್ಕಾಗಿ ಕೇಂದ್ರ ಸರ್ಕಾರ 2010ರಲ್ಲಿ ನಿಯಮಗಳನ್ನು ಮಾಡಿ, 2017ರಲ್ಲಿ ಅವುಗಳನ್ನು ಬದಲಿಸಿತು. ಈ ನಿಯಮಗಳ ಕಾವಲಿಗೆ ಒಳಪಟ್ಟ ಜೌಗುಭೂಮಿಯನ್ನು ಬೇರೆ ಉಪಯೋಗಕ್ಕೆ ಪರಿವರ್ತಿಸುವಂತಿಲ್ಲ; ಹತ್ತು ವರ್ಷಗಳ ಪ್ರವಾಹದ ಸರಾಸರಿ ಎತ್ತರದ ಗೆರೆಯಿಂದ 50 ಮೀಟರ್ ಒಳಗೆ ದೋಣಿಕಟ್ಟೆಯ ಹೊರತು ಶಾಶ್ವತವಾದ ಏನನ್ನೂ ಕಟ್ಟುವಂತಿಲ್ಲ. ಬಲವಾದ ನಿಯಮವೇ. ಆದರೆ ಜೌಗುಭೂಮಿಯ ವ್ಯಾಖ್ಯೆಯಲ್ಲಿ ಒಂದು ವಾಕ್ಯಖಂಡವಿದೆ: ಕುಡಿಯುವ ನೀರಿಗಾಗಿ ಮನುಷ್ಯರು ಕಟ್ಟಿದ ಕೆರೆಗಳು, ನೀರಾವರಿಗಾಗಿ ಕಟ್ಟಿದ ರಚನೆಗಳು ಇದರಲ್ಲಿ ಸೇರುವುದಿಲ್ಲ. ಗದ್ದೆಗಳೂ ಸೇರುವುದಿಲ್ಲ. ಕರ್ನಾಟಕದ ಬಯಲುಸೀಮೆಯಲ್ಲಿ ಮನುಷ್ಯನು ಕಟ್ಟದ ಕೆರೆ ಯಾವುದಿದೆ? ಅರಸರೂ ಒಕ್ಕಲಿಗರೂ ಕಟ್ಟಿಸಿ, ಕಟ್ಟುಗೊಡಗೆ, ಬಿತ್ತುವಟ್ಟಗಳೆಂದು ಅವುಗಳ ಪೋಷಣೆಗೆ ನೆಲ ಬಿಟ್ಟ ಕೆರೆಗಳು, ಯಾರೋ ಕಟ್ಟಿದರೆಂಬ ಕಾರಣಕ್ಕೇ ಈ ರಕ್ಷಣೆಯಿಂದ ಹೊರಗುಳಿದವು! ವಿಚಿತ್ರವೆಂದರೆ ಗದಗ ಜಿಲ್ಲೆಯ ಮಾಗಡಿ ಕೆರೆ, ವಿಜಯನಗರ ಜಿಲ್ಲೆಯ ಅಂಕಸಮುದ್ರ ಇವೆರಡೂ ನೀರಾವರಿಗೆಂದು ಕಟ್ಟಿದ ಕೆರೆಗಳೇ ಆಗಿದ್ದು, ಹಕ್ಕಿಗಳ ಪುಣ್ಯದಿಂದ 2024ರಲ್ಲಿ ರಾಮ್‌ಸರ್ ಪಟ್ಟಿಯನ್ನು ಸೇರಿದವು. ಹಕ್ಕಿ ಬಾರದ ನೆರೆಯೂರಿನ ಕೆರೆಗೆ ಆ ಭಾಗ್ಯವಿಲ್ಲ. ಅದನ್ನು ಕಾಯಬೇಕಾದುದು ರಾಜ್ಯದ 2014ರ ಕೆರೆ ಕಾಯಿದೆ, ಕಂದಾಯ ಕಾಯಿದೆ ಮತ್ತು ಮಹಾಯೋಜನೆ.

ಹೀಗೆ ಒಂದು ಕೆರೆಯ ಸುತ್ತ ಹಲವು ಕಾಯಿದೆಗಳು, ಹಲವು ಇಲಾಖೆಗಳು. ಕಡಪ ಜಿಲ್ಲೆಯ ಪೋರುಮಾಮಿಳ್ಲದಲ್ಲಿ ವಿಜಯನಗರ ಕಾಲದ, 1369ರ ಒಂದು ಸಂಸ್ಕೃತ ಶಾಸನವಿದೆ. ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಕೆರೆಗೆ ಬರುವ ಆರು ದೋಷಗಳನ್ನೂ ಅದು ಎಣಿಸಿ ಹೇಳುತ್ತದೆ. ಏರಿಯಲ್ಲಿ ನೀರು ಜಿನುಗುವುದು ಒಂದು ದೋಷ, ಸವುಳು ಮಣ್ಣು ಒಂದು ದೋಷ. ಎರಡು ರಾಜ್ಯಗಳ ಗಡಿಯಲ್ಲಿ ಕೆರೆಯಿರುವುದು ಇನ್ನೊಂದು. ಇಂದಿನ ನಮ್ಮ ಪ್ರತಿಯೊಂದು ನಗರದ ಕೆರೆಯೂ ಮೂರು ನಾಲ್ಕು ಇಲಾಖೆಗಳ ಗಡಿಯಲ್ಲಿದೆ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ನಿವೃತ್ತಿಯ ಹಣವನ್ನೆಲ್ಲ ಹಾಕಿ ಒಂದು ನಿವೇಶನ ಕೊಳ್ಳುವ ಮುನ್ನ ಕಾಗದಪತ್ರಗಳನ್ನು ತಂದು ತೋರಿಸಿದರು. ಭೂಪರಿವರ್ತನೆಯ ಆದೇಶವಿತ್ತು, ನಕ್ಷೆಗೆ ಮೊಹರಿತ್ತು. ಹಳೆಯ ಗ್ರಾಮನಕ್ಷೆಯನ್ನೂ ಮೂಲ ಸರ್ವೆ ನಂಬರಿನ ಪಹಣಿಯನ್ನೂ ತರಿಸಿ ಎಂದೆ. ಪಹಣಿಯ ಖರಾಬು ಕಲಮಿನಲ್ಲಿ ಕೆಲವು ಗುಂಟೆ 'ಬಿ' ಖರಾಬೆಂದಿತ್ತು. ಎಂದರೆ ಹಳ್ಳ, ದಾರಿ ಮೊದಲಾದ ಸಾರ್ವಜನಿಕ ಉಪಯೋಗಕ್ಕೆ ಸೇರಿದ, ಮಾರಲಾಗದ ನೆಲ. ಗ್ರಾಮನಕ್ಷೆಯಲ್ಲಿ ಅದೇ ಸರ್ವೆ ನಂಬರಿನ ನಡುವೆ ಜೋಡಿಗೆರೆಯೊಂದು ಕೆರೆಯ ಕಡೆಗೆ ಇಳಿದಿತ್ತು. ಬಡಾವಣೆಯ ಬಣ್ಣದ ನಕ್ಷೆಯಲ್ಲಿ ಅದೇ ಜಾಗದಲ್ಲಿ ಉದ್ಯಾನವೂ ಮೂರು ನಿವೇಶನಗಳೂ ಇದ್ದವು. ಅವರು ಆ ವ್ಯವಹಾರವನ್ನು ಕೈಬಿಟ್ಟರು. ಆ ಮೂರು ನಿವೇಶನಗಳಲ್ಲಿ ಇಂದು ಮೂರು ಮನೆಗಳಿವೆ. ತೆರವಿನ ಯಂತ್ರ ಬಂದ ದಿನ ಬೀದಿಗೆ ಬೀಳುವವರು ಅವುಗಳಲ್ಲಿರುವವರು. ಮಾರಿದವರಾಗಲಿ ಮೊಹರು ಹಾಕಿದವರಾಗಲಿ ಅಲ್ಲ. ಈ ಅನ್ಯಾಯವನ್ನು ಸರಿಪಡಿಸುವ ಪ್ರಕರಣ ಯಾವ ಕಾಯಿದೆಯಲ್ಲಿಯೂ ನನಗೆ ಕಂಡಿಲ್ಲ.

2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು, ಮಹದೇವಪುರಗಳ ಸುತ್ತ ಸಿರಿವಂತರ ಬಡಾವಣೆಗಳಿಂದ ಜನರನ್ನು ಟ್ರ್ಯಾಕ್ಟರುಗಳಲ್ಲಿಯೂ ದೋಣಿಗಳಲ್ಲಿಯೂ ಕರೆತಂದ ಚಿತ್ರಗಳನ್ನು ಕೇಳುಗರು ಮರೆತಿರಲಾರರು. ಮಳೆ ಜೋರಾಗಿತ್ತು, ನಿಜ. ಆದರೆ ನೀರು ಹೋದದ್ದು ಗ್ರಾಮನಕ್ಷೆಯ ಹಳೆಯ ಗೆರೆಗಳ ಮೇಲೆಯೇ. ನದಿಯ ನೆರೆಬಯಲಿನಲ್ಲಿ ಎಲ್ಲಿ ಏನನ್ನು ಕಟ್ಟಬಹುದೆಂದು ವಲಯಗಳನ್ನು ಗುರುತಿಸುವ ಮಾದರಿ ಮಸೂದೆಯೊಂದನ್ನು ಕೇಂದ್ರ ಸರ್ಕಾರ 1975ರಷ್ಟು ಹಿಂದೆಯೇ ರಾಜ್ಯಗಳಿಗೆ ಕಳುಹಿಸಿತ್ತು. 1978ರಲ್ಲಿ ಮಣಿಪುರ ಅದನ್ನು ಕಾಯಿದೆ ಮಾಡಿತು. ಹಾಗೆ ಮಾಡಿದ ರಾಜ್ಯಗಳು ಬೆರಳೆಣಿಕೆಯಷ್ಟು.

ನಿವೇಶನ ನೋಡಲು ಹೊರಟವರು ಮಾಘ ಫಾಲ್ಗುಣಗಳಲ್ಲಿ ಹೋಗಬೇಡಿರಿ. ನಾಲ್ಕು ದಿನ ಬಿಡದೆ ಮಳೆ ಹೊಯ್ದ ಮರುದಿನ ಹೋಗಿರಿ. ನೀರುಗಂಟಿಯ ಕೆಲಸ ಮಾಡಿದ ಮನೆತನ ಆ ಹಳ್ಳಿಯಲ್ಲಿ ಉಳಿದಿದ್ದರೆ ಆ ಮನೆಯ ಹಿರಿಯರನ್ನು, ಕೋಡಿ ಮೊದಲು ಎಷ್ಟು ಎತ್ತರವಿತ್ತು, ಹರಿದ ನೀರು ಯಾರ ಹೊಲವನ್ನು ಹಾಯ್ದು ಹೋಗುತ್ತಿತ್ತು ಎಂದು ಕೇಳಿರಿ. ಹೊಲದ ಹೆಸರನ್ನೂ ಕೇಳಿರಿ. ಜೌಗಿನಕೆರೆ, ಕೋಡಿಹಳ್ಳಿ, ಹಳ್ಳದಹೊಲ ಎಂಬ ಹೆಸರುಗಳು ಬಡಾವಣೆಗೆ ಇಟ್ಟ ಹೊಸ ಹೆಸರಿನ ಕೆಳಗೆ ಇನ್ನೂ ಅಳಿಯದೆ ಇರುತ್ತವೆ.